ವಾರಕ್ಕೆ 1,500 ರೂಪಾಯಿ, ಐದು ಮಂದಿಯ ಊಟ: ಪರೀಕ್ಷೆಗೂ ಮನೆಗೂ ಆಗುವ ಟಿಪ್ಪಣಿ

"ಕಡಿಮೆ ಆದಾಯದ ಕುಟುಂಬಕ್ಕೆ ಒಂದು ವಾರದ ಆಹಾರ ಯೋಜನೆ ತಯಾರಿಸಿ." ಗೃಹವಿಜ್ಞಾನ ಓದುವ ನಮಗೆಲ್ಲ ಪರಿಚಯವಿರುವ ಪ್ರಶ್ನೆ. ಸೋಮವಾರ ಇಡ್ಲಿ, ಮಂಗಳವಾರ ಚಪಾತಿ ಎಂದು ಏಳು ದಿನದ ಪಟ್ಟಿ ಬರೆದರೆ ಅಂಕ ಬರುತ್ತದೆ. ನಾನೂ ಹಾಗೇ ಬರೆದಿದ್ದೆ. ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಇದ್ಕೆಲ್ಲ ಎಷ್ಟಾಯ್ತು ಅಂತ ಲೆಕ್ಕ ಹಾಕಿದ್ದೀಯೇನೆ?" ಹಾಕಿರಲಿಲ್ಲ. ಆಮೇಲೆ ಕೂತು ಹಾಕಿದ ಲೆಕ್ಕವೇ ಈ ಟಿಪ್ಪಣಿ.

ಮೊದಲು ಒಂದು ಹಳೆಯ ನಿಯಮ. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಕುಟುಂಬಗಳ ಖರ್ಚು ನೋಡಿ ಹೇಳಿದ್ದು: ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಹೆಚ್ಚು. ನಮ್ಮ ದೇಶದ 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ಹಳ್ಳಿಗಳ ಕುಟುಂಬವೆಚ್ಚದ ಸುಮಾರು 47%, ಪಟ್ಟಣಗಳಲ್ಲಿ ಸುಮಾರು 40% ಆಹಾರಕ್ಕೆ ಹೋಗಿದೆ. ಇದು ಸರಾಸರಿ. ಕೂಲಿ ಮನೆಗಳಲ್ಲಿ ಪಾಲು ಇನ್ನೂ ದೊಡ್ಡದು. ಅಂಥ ಮನೆಯಲ್ಲಿ ಬೇಳೆ ಕೆಜಿಗೆ 20 ರೂಪಾಯಿ ಏರಿದರೆ ಅದು ನೇರವಾಗಿ ತಟ್ಟೆಯಲ್ಲಿ ಕಾಣುತ್ತದೆ.

ಯಾರಿಗೆ ಎಷ್ಟು ಬೇಕು

ಲೆಕ್ಕಕ್ಕೆ ತುಮಕೂರು ಕಡೆಯ ಒಂದು ಮನೆ ಹಿಡಿಯೋಣ. ಗಾರೆ ಕೆಲಸದ ಅಪ್ಪ, ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮ, 65 ದಾಟಿದ ಅಜ್ಜಿ, ಸರ್ಕಾರಿ ಶಾಲೆಯಲ್ಲಿ 8ನೇ ತರಗತಿಯ ಮಗಳು, 6ನೇ ತರಗತಿಯ ಮಗ. ಗಾರೆ ಕೆಲಸಕ್ಕೆ ಬಟವಾಡೆ ಶನಿವಾರ. ಹಾಗಾಗಿ ಯೋಜನೆಯೂ ತಿಂಗಳಿನದಲ್ಲ, ವಾರದ್ದೇ ಆಗಬೇಕು. ಪುಸ್ತಕಗಳು ತಿಂಗಳಿಗೆ ಒಟ್ಟಿಗೆ ಕೊಂಡರೆ ಅಗ್ಗ ಎನ್ನುತ್ತವೆ. ಅದು ನಿಜ, ಆದರೆ ತಿಂಗಳ ದುಡ್ಡು ಒಟ್ಟಿಗೆ ಕೈಗೆ ಬರುವವರಿಗೆ ಮಾತ್ರ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನ ಪ್ರಕಾರ ವಯಸ್ಕರಿಗೆ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 65 ಕೆಜಿಯ ಗಂಡಸಿಗೆ 54 ಗ್ರಾಂ, 55 ಕೆಜಿಯ ಹೆಂಗಸಿಗೆ 46 ಗ್ರಾಂ. ಅಜ್ಜಿಗೂ 46 ಹಿಡಿಯಿರಿ, ಮಗಳಿಗೆ 43, ಮಗನಿಗೆ 32. ಒಟ್ಟು ದಿನಕ್ಕೆ 221 ಗ್ರಾಂ, ವಾರಕ್ಕೆ ಸುಮಾರು 1,550 ಗ್ರಾಂ. ಶಕ್ತಿಯ ಲೆಕ್ಕದಲ್ಲಿ ಐದೂ ಮಂದಿಗೆ ಸೇರಿ ದಿನಕ್ಕೆ ಸುಮಾರು 11,000 ಕಿಲೊಕ್ಯಾಲರಿ, ವಾರಕ್ಕೆ 77,000. ಈ ಎರಡು ಸಂಖ್ಯೆ, 1,550 ಮತ್ತು 77,000, ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಳ್ಳಿ.

ರೇಷನ್ ಅಕ್ಕಿ ಇದ್ದಮೇಲೆ ಪ್ರಶ್ನೆ ಬದಲಾಗುತ್ತದೆ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕಾರ್ಡಿನ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ ಸಿಗಬೇಕು. ಅದೇ ವರ್ಷ ಶುರುವಾದ ಅನ್ನಭಾಗ್ಯದಲ್ಲಿ ರಾಜ್ಯ ಸೇರಿಸುವ ಪಾಲು ಆಗಾಗ ಬದಲಾಗಿದೆ. 2023ರಲ್ಲಿ ಹೆಚ್ಚುವರಿ 5 ಕೆಜಿಯ ಬದಲು ತಲಾ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರಲ್ಲಿ ಅದು ಮತ್ತೆ ಅಕ್ಕಿಯಾಯಿತು. ಯೋಜನೆ ಬರೆಯುವಾಗ ಕಾಯ್ದೆಯ 5 ಕೆಜಿಯನ್ನಷ್ಟೇ ನೆಚ್ಚಿಕೊಳ್ಳುವುದು ಕ್ಷೇಮ. ಐದು ಮಂದಿಗೆ ತಿಂಗಳಿಗೆ 25 ಕೆಜಿ, ವಾರಕ್ಕೆ ಹತ್ತಿರಹತ್ತಿರ 6 ಕೆಜಿ.

ಹೀಗೆ ಅಕ್ಕಿ ಬಂದಮೇಲೆ ಹೊಟ್ಟೆ ತುಂಬಿಸುವ ಚಿಂತೆ ಅರ್ಧ ಇಳಿಯುತ್ತದೆ. ಇನ್ನು ಕೈಯಲ್ಲಿರುವ ದುಡ್ಡು ಹೋಗಬೇಕಾದ್ದು ಅನ್ನದ ಪಕ್ಕಕ್ಕೆ ಏನು ಬರುತ್ತದೆ ಎಂಬುದಕ್ಕೆ. ಬೇಳೆ, ಕಾಳು, ಸೊಪ್ಪು, ಮೊಟ್ಟೆ. ಆ ಜಾಗದಲ್ಲಿ ಕೆಜಿಗೆ ಎಷ್ಟು ಎಂದು ಕೇಳಿದರೆ ದಾರಿ ತಪ್ಪುತ್ತೇವೆ. ಕೇಳಬೇಕಾದ್ದು: 10 ಗ್ರಾಂ ಪ್ರೊಟೀನಿಗೆ ಎಷ್ಟು?

ಕೆಳಗಿನ ಬೆಲೆಗಳು ನಾನು ಲೆಕ್ಕಕ್ಕೆ ಹಿಡಿದವು. ನಿಮ್ಮೂರಿನ ಬೆಲೆ ಹಾಕಿ ತಿದ್ದಿಕೊಳ್ಳಿ, ವಿಧಾನ ಅದೇ.

ಹುರುಳಿಕಾಳು ಕೆಜಿಗೆ 70 ರೂಪಾಯಿ. ಅದರಲ್ಲಿ ಸುಮಾರು 22% ಪ್ರೊಟೀನ್, ಅಂದರೆ ಕೆಜಿಗೆ 220 ಗ್ರಾಂ. 10 ಗ್ರಾಮಿಗೆ 3 ರೂಪಾಯಿ 20 ಪೈಸೆ. ಕಡಲೆಬೇಳೆ 90 ರೂಪಾಯಿಗೆ ಸಿಕ್ಕರೆ 4 ರೂಪಾಯಿ ಚಿಲ್ಲರೆ. ತೊಗರಿಬೇಳೆ 130 ಇದ್ದರೆ 6 ರೂಪಾಯಿ. ಕಡಲೆಕಾಯಿ ಬೀಜ 140 ಇದ್ದರೆ ಅದೂ 6ರ ಹತ್ತಿರ, ಜೊತೆಗೆ ಎಣ್ಣೆಯಂಶವೂ ಬರುತ್ತದೆ. 7 ರೂಪಾಯಿಯ ಮೊಟ್ಟೆಯಲ್ಲಿ 6ರಿಂದ 6.5 ಗ್ರಾಂ ಇರುವುದರಿಂದ 11 ರೂಪಾಯಿ. ಹಾಲು ಅರ್ಧ ಲೀಟರಿಗೆ 24 ಹಿಡಿದರೆ 15 ರೂಪಾಯಿ. ಕೋಳಿ ಕೆಜಿಗೆ 220 ಇದ್ದು ಮೂಳೆ ಕಳೆದರೆ 17ರ ಸುತ್ತ.

ಹಾಗೆಂದು ಹಾಲು ಮೊಟ್ಟೆ ಬಿಡಿ ಎಂದು ಅರ್ಥವಲ್ಲ. ಅವುಗಳಲ್ಲಿರುವ ಪ್ರೊಟೀನ್ ಮೈಗೆ ಚೆನ್ನಾಗಿ ಹತ್ತುತ್ತದೆ, ಬಿ12 ಕಾಳುಗಳಲ್ಲಿ ಇಲ್ಲವೇ ಇಲ್ಲ. ಆದರೆ ಪ್ರೊಟೀನಿನ ಬಹುಪಾಲು ಎಲ್ಲಿಂದ ಬರಬೇಕು ಎಂಬುದನ್ನು ಈ ಲೆಕ್ಕ ಹೇಳುತ್ತದೆ. ಪ್ರೊಟೀನ್ ಆಗುವುದು ಅಮೈನೊ ಆಮ್ಲಗಳಿಂದ. ಅವುಗಳಲ್ಲಿ ಲೈಸಿನ್ ಎಂಬುದು ಧಾನ್ಯದ ಪ್ರೊಟೀನಿನಲ್ಲಿ ಕಡಿಮೆ, ಮೆಥಿಯೊನಿನ್ ಎಂಬುದು ಕಾಳಿನದರಲ್ಲಿ ಕಡಿಮೆ. ಎರಡೂ ಒಂದೇ ಊಟದ ಸರದಿಯಲ್ಲಿ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆಗೆ ಹುರುಳಿ ಸಾರು ಜೊತೆಯಾದದ್ದು ಬರೀ ರುಚಿಗಲ್ಲ.

ರಾಗಿಯನ್ನು ಪ್ರತ್ಯೇಕ ಹೇಳಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದಂಶ (ಕ್ಯಾಲ್ಸಿಯಂ), ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಈ ಸುಣ್ಣ ಮೈಗೆ ಹೀರಿಕೆಯಾಗಲು ಸ್ವಲ್ಪ ಅಡ್ಡಿ ಮಾಡುತ್ತದೆ, ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ ಆ ಅಡ್ಡಿ ಇಳಿಯುತ್ತದೆ. ಹಾಲು ಸಾಲದ ಮನೆಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಂಡಿಲ್ಲ.

ತೂಗಿ ನೋಡಿದ ಒಂದು ಪಾಠ

ಪುಸ್ತಕದಲ್ಲಿ "ತಿನ್ನಲು ಬರುವ ಭಾಗ" ಎಂದು ಒಂದು ಕಾಲಂ ಇರುತ್ತದೆ, ನಾವು ಓದದೆ ದಾಟಿಬಿಡುತ್ತೇವೆ. ಡಿಸೆಂಬರಿನಲ್ಲಿ ಸಂತೆಯಿಂದ 1 ಕೆಜಿ ಸೊನೆ ಅವರೆಕಾಯಿ ತಂದು ಸುಲಿದು ತೂಗಿದೆ. ಕಾಳು 420 ಗ್ರಾಂ. ಕೆಜಿಗೆ 50 ಎಂದುಕೊಂಡಿದ್ದು ನಿಜದಲ್ಲಿ 120 ರೂಪಾಯಿ ಬಿತ್ತು, ಅದೂ ಹಸಿಕಾಳು. ಅವರೆ ಕಾಲದಲ್ಲಿ ಅವರೆ ತಿನ್ನಬೇಕು, ಅದಕ್ಕೆ ನಾನು ಅಡ್ಡ ಹೇಳುವವಳಲ್ಲ. ಆದರೆ ಅದನ್ನು ಹಬ್ಬದ ಖರ್ಚಿನಲ್ಲಿ ಬರೆಯಿರಿ, ಪ್ರೊಟೀನಿನ ಖರ್ಚಿನಲ್ಲಲ್ಲ. ದಂಟಿನ ಸೊಪ್ಪಿನದು ಇದಕ್ಕೆ ತಿರುಗುಮುರುಗು. ಎಲೆ ಪಲ್ಯಕ್ಕೆ, ದಂಟು ಸಾರಿಗೆ, ಎಸೆಯುವುದು ಬರೀ ಬೇರು.

ಬಸ್ಸಾರು: ಒಂದು ಪಾತ್ರೆ, ಎರಡು ಪದಾರ್ಥ

ಬಡ್ಜೆಟ್ ಅಡುಗೆಯ ಉದಾಹರಣೆ ಕೊಡಿ ಎಂದರೆ ನಾನು ಬಸ್ಸಾರನ್ನೇ ಬರೆಯುತ್ತೇನೆ. ರಾತ್ರಿ ಅರ್ಧ ಕೆಜಿ ಹುರುಳಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಪಾತ್ರೆಯೊಳಗಿಟ್ಟು ಮುಚ್ಚುವುದು. ಮಾರನೇ ದಿನ ಗಂಟು ಬಿಚ್ಚಿದರೆ ಬಿಳಿ ಮೊಳಕೆ ಬಟ್ಟೆಯ ಎಳೆಗಳನ್ನೇ ತೂರಿಕೊಂಡು ಬಂದಿರುತ್ತದೆ, ಅರ್ಧ ಕೆಜಿ ಕಾಳು ಒಂದು ಕೆಜಿ ದಾಟಿರುತ್ತದೆ. ಉಪ್ಪು ಹಾಕಿ ಬೇಯಿಸಿ, ಕೊನೆಗೆ ಒಂದು ಕಟ್ಟು ಸೊಪ್ಪನ್ನೂ ಸೇರಿಸಿ ಬಸಿಯಬೇಕು. ಬಸಿದ ನೀರು, ಅಂದರೆ ಕಟ್ಟು, ಸಾರಿಗೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ, ಎರಡು ಚಮಚ ಕಾಯಿ, ಒಂದು ಹಿಡಿ ಬೆಂದ ಕಾಳು, ಹುಣಸೆಹಣ್ಣು, ಇಷ್ಟನ್ನು ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ.

ಪೋಷಣೆಯ ದೃಷ್ಟಿಯಿಂದ ಇಲ್ಲಿ ಮೂರು ಕೆಲಸ ಒಟ್ಟಿಗೆ ಆಗಿವೆ. ಮೊಳಕೆಯಿಂದ ಫೈಟೇಟ್ ಇಳಿದು ಕಬ್ಬಿಣ ಮೈಗೆ ಹತ್ತುವುದು ಸುಲಭವಾಗುತ್ತದೆ. ಬೇಯಿಸಿದ ನೀರಿಗೆ ಇಳಿದ ಬಿ ಗುಂಪಿನ ಜೀವಸತ್ವಗಳು ಸಾರಿನಲ್ಲೇ ಉಳಿಯುತ್ತವೆ. ಒಂದೇ ಉರಿಯಲ್ಲಿ ಎರಡು ಪದಾರ್ಥ ಆಗುವುದರಿಂದ ಗ್ಯಾಸ್ ಉಳಿಯುತ್ತದೆ. ಒಲೆಯಿಂದ ಇಳಿಸಿದ ಮೇಲೆ ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ. ಸಿ ಜೀವಸತ್ವ ಇದ್ದರೆ ಕಾಳಿನ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಊಟವಾದ ತಕ್ಷಣ ಟೀ ಕುಡಿದರೆ ಆ ಲಾಭ ಹೋಗುತ್ತದೆ, ಒಂದು ಗಂಟೆಯಾದರೂ ತಡೆಯಬೇಕು.

ವಾರದ ಚೀಟಿ

ರಾಗಿ 6 ಕೆಜಿ: 252
ತೊಗರಿಬೇಳೆ ಮುಕ್ಕಾಲು ಕೆಜಿ: 98
ಹುರುಳಿ 1 ಕೆಜಿ: 70
ಹೆಸರುಕಾಳು ಅರ್ಧ ಕೆಜಿ: 55
ಕಡಲೆಕಾಯಿ ಬೀಜ ಅರ್ಧ ಕೆಜಿ: 70
ಮೊಟ್ಟೆ 10: 70
ಹಾಲು ದಿನಕ್ಕೆ ಅರ್ಧ ಲೀಟರ್: 168
ಎಣ್ಣೆ 1 ಲೀಟರ್: 150
ತರಕಾರಿ, ಸೊಪ್ಪು, ಈರುಳ್ಳಿ, ಟೊಮೆಟೊ, ಬಾಳೆಹಣ್ಣು: 370
ಬೆಲ್ಲ, ಸಕ್ಕರೆ, ಟೀ ಪುಡಿ: 80
ಕಾಯಿ, ಹುಣಸೆ, ಮೆಣಸಿನಕಾಯಿ, ಉಪ್ಪು ಇತ್ಯಾದಿ: 117

ಒಟ್ಟು 1,500. ರೇಷನ್ ಅಕ್ಕಿ 6 ಕೆಜಿ ಸೇರಿಸಿ ಕೂಡಿದರೆ ವಾರಕ್ಕೆ ಸುಮಾರು 1,700 ಗ್ರಾಂ ಪ್ರೊಟೀನ್, ಅಂದರೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ. ಅರ್ಧಕ್ಕಿಂತ ಹೆಚ್ಚು ಧಾನ್ಯದಿಂದ ಬರುತ್ತಿರುವುದರಿಂದ ಆ ಹೆಚ್ಚಳ ಇರಲೇಬೇಕು. ಶಕ್ತಿ ಸುಮಾರು 68,000. ಕೊರತೆ ಬಿದ್ದ 9,000 ಎಲ್ಲಿಂದ? ಅದರ ಬಹುಪಾಲು ಶಾಲೆಯ ಬಿಸಿಯೂಟದಿಂದ. 6ರಿಂದ 8ನೇ ತರಗತಿಯ ಮಗುವಿಗೆ ಒಂದು ಊಟದಲ್ಲಿ 700 ಕಿಲೊಕ್ಯಾಲರಿ, 20 ಗ್ರಾಂ ಪ್ರೊಟೀನ್ ಇರಬೇಕೆಂಬುದು ನಿಯಮ. ಇಬ್ಬರು ಮಕ್ಕಳಿಗೆ ವಾರದ 6 ದಿನಕ್ಕೆ 8,400.

ಈ ಸಂಖ್ಯೆ ನೋಡಿದ ಮೇಲೆ ಬೇಸಿಗೆ ರಜೆ ನನಗೆ ಬೇರೆಯಾಗಿಯೇ ಕಾಣತೊಡಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಆ 8,400 ಮನೆಯ ಮೇಲೆ ಬೀಳುತ್ತದೆ. ಇನ್ನೂ ಎರಡೂವರೆ ಕೆಜಿ ರಾಗಿಗೆ 105, ಶಾಲೆಯಲ್ಲಿ ಸಿಗುತ್ತಿದ್ದ ಮೊಟ್ಟೆಗಳ ಬದಲು 12 ಮೊಟ್ಟೆಗೆ 84. ವಾರಕ್ಕೆ 189 ರೂಪಾಯಿ ಹೆಚ್ಚು. ಉತ್ತರಪತ್ರಿಕೆಯಲ್ಲಿ ರಜೆ ವಾರದ ಯೋಜನೆಯನ್ನು ಬೇರೆಯಾಗಿ ತೋರಿಸಿ. ಇದನ್ನು ಬಿಟ್ಟ ಯೋಜನೆ ಹತ್ತು ತಿಂಗಳಿಗಷ್ಟೇ ನಿಜ.

ಈ ಚೀಟಿಯ ದುರ್ಬಲ ಜಾಗ ತರಕಾರಿ. ತಲಾ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎನ್ನುತ್ತದೆ ರಾಷ್ಟ್ರೀಯ ಪೋಷಣಾ ಸಂಸ್ಥೆ. 370 ರೂಪಾಯಿಗೆ ಅದರ ಅರ್ಧದ ಆಸುಪಾಸು ಬರುತ್ತದೆ. ಸಂತೆ ಮುಗಿಯುವ ಹೊತ್ತಿಗೆ ಹೋದರೆ ಟೊಮೆಟೊ, ಬದನೆ ಗುಡ್ಡೆ ಲೆಕ್ಕದಲ್ಲಿ ಸಿಗುತ್ತವೆ, ಕೊತ್ತಂಬರಿ ಕರಿಬೇವು ಕೊಸರಿಗೆ ಬರುತ್ತವೆ. ಅದಕ್ಕಿಂತ ದೊಡ್ಡ ಆಸರೆ ನುಗ್ಗೆಸೊಪ್ಪು. 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣ, 6 ಗ್ರಾಂ ಪ್ರೊಟೀನ್, ಮರ ಇದ್ದ ಮನೆಯವರು ಕೇಳಿದರೆ ಕೊಡುತ್ತಾರೆ. ಮಳೆಗಾಲದಲ್ಲಿ ಅಜ್ಜಿಯಂದಿರು ಹೊಲದ ಬದುಗಳಲ್ಲಿ ಆಯ್ದು ತರುವ ಅಣ್ಣೆ, ಹೊನಗೊನ್ನೆ ಸೇರಿದ ಬೆರಕೆ ಸೊಪ್ಪಿನ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಪಠ್ಯದಲ್ಲಿ ಅವು ಕಡಿಮೆ ಇವೆ.

ಪೊಟ್ಟಣದ ಸಾಮಾನಿಗೆ ಒಂದೇ ಮಾತು: ಮುದ್ರಿತ ನಿವ್ವಳ ತೂಕ ಮತ್ತು ಗ್ರಾಮಿಗೆ ಎಷ್ಟು ಎಂಬ ಯೂನಿಟ್ ದರ ನೋಡಿ. ನೋಡಲು 1 ಲೀಟರಿನಂತಿರುವ ಎಣ್ಣೆ ಪ್ಯಾಕೆಟ್ಟಿನಲ್ಲಿ ಕಡಿಮೆ ಇರುವುದುಂಟು. 1 ಲೀಟರ್ ಎಂದರೆ ಸುಮಾರು 910 ಗ್ರಾಂ.

ತಟ್ಟೆಗೆ ಬರುವ ಹೊತ್ತಿಗೆ

ಮನೆಗೆ ಸಾಕಷ್ಟು ಬಂದರೂ ಎಲ್ಲರ ತಟ್ಟೆಗೂ ಸಾಕಷ್ಟು ಬೀಳುತ್ತದೆ ಎಂದೇನಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇತ್ತು. ಕೊನೆಗೆ ಉಣ್ಣುವ ಅಮ್ಮನಿಗೆ ಸಾರಿನ ತಿಳಿ ಉಳಿಯುತ್ತದೆ, ಕಾಳು ತಳ ಸೇರುವ ಮೊದಲೇ ಖಾಲಿಯಾಗಿರುತ್ತದೆ. ಮಕ್ಕಳಿಗೆ ಶಾಲೆಯಲ್ಲಿ ಮೊಟ್ಟೆ ಸಿಗುವ ವಾರಗಳಲ್ಲಿ ಚೀಟಿಯ 10 ಮೊಟ್ಟೆಯನ್ನು ಅಮ್ಮ, ಅಜ್ಜಿಯ ಹೆಸರಿಗೆ ಬರೆಯಿರಿ, ತಲಾ ಐದು. ಪಲ್ಯವನ್ನು ಒಲೆಯ ಹತ್ತಿರವೇ ಐದು ಪಾಲು ಮಾಡಿ ಎತ್ತಿಡಿ. ನಮ್ಮ ಮನೆಯಲ್ಲಿ ಈಗ ಹಾಗೇ ಮಾಡುತ್ತೇವೆ. ಅಮ್ಮ ಮೊದಮೊದಲು ತನ್ನ ಪಾಲನ್ನು ತಮ್ಮನ ತಟ್ಟೆಗೆ ಸುರಿಯುತ್ತಿದ್ದರು, ಈಗ ಅಜ್ಜಿ ಬಿಡುವುದಿಲ್ಲ.

ಬೆಲೆ ಏರಿದ ವಾರ

ಪರೀಕ್ಷೆಯಲ್ಲಿ ಈ ಉಪಪ್ರಶ್ನೆ ಬಂದರೆ ಬಿಡಬೇಡಿ. 2015ರಲ್ಲಿ ತೊಗರಿಬೇಳೆ ಹಲವು ನಗರಗಳಲ್ಲಿ ಕೆಜಿಗೆ 200 ರೂಪಾಯಿ ಮುಟ್ಟಿತ್ತು. ಅದೇ ಬೆಲೆ ಮತ್ತೆ ಬಂದರೆ ನಮ್ಮ ಮುಕ್ಕಾಲು ಕೆಜಿಗೆ 98ರ ಬದಲು 150 ಆಗುತ್ತದೆ. ಆಗ ಹಾಲಿನ ಅಥವಾ ಸೊಪ್ಪಿನ ದುಡ್ಡಿಗೆ ಕೈ ಹಾಕಬೇಡಿ. ತೊಗರಿಯನ್ನು ಕಾಲು ಕೆಜಿಗೆ ಇಳಿಸಿ, 50 ರೂಪಾಯಿ. ಅರ್ಧ ಕೆಜಿ ಕಡಲೆಬೇಳೆ ತನ್ನಿ, 45. ಒಟ್ಟು 95, ಪ್ರೊಟೀನ್ ಅಷ್ಟೇ. ಸಾರಿಗೆ ಎರಡು ಪಾಲು ಕಡಲೆಬೇಳೆ, ಒಂದು ಪಾಲು ತೊಗರಿ ಹಾಕಿ, ಕಡಲೆಬೇಳೆಯನ್ನು ಎರಡು ಗಂಟೆ ಮೊದಲೇ ನೆನೆಸಿದರೆ ಒಟ್ಟಿಗೆ ಬೇಯುತ್ತದೆ. ಅಜ್ಜಿಗೆ ಕಡಲೆಬೇಳೆ ಅರಗದು. ಅವರಿಗೆ ಚೀಟಿಯಲ್ಲಿರುವ ಹೆಸರುಕಾಳಿನಿಂದ ಒಂದು ಹಿಡಿ ಬೇರೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಕೊಡಿ.