ಬೆಂಗಳೂರಿನ ಕಾರು, ಮಡಿಕೇರಿಯ ನೀರು

ಜೂನ್ ಕೊನೆಯ ವಾರ ಬೆಂಗಳೂರಿನಿಂದ ಒಂದು ಹಳೆಯ ಜರ್ಮನ್ ಸೆಡಾನ್ ತಂದೆ. 2016ರ ಮಾಡೆಲ್, ಪೆಟ್ರೋಲ್, ಆಟೋಮ್ಯಾಟಿಕ್. ಚರ್ಮದ ಸೀಟು, ಮೇಲೆ ಸನ್‌ರೂಫ್, ಬಾಗಿಲು ಹಾಕಿದರೆ 'ಧಪ್' ಅಂತ ಒಂದು ಗಂಭೀರ ಸದ್ದು. ಆ ಸದ್ದಿಗೇ ನಾನು ಸೋತಿದ್ದು ಅಂತ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರ ಬರುವವರೆಗೂ ಬಿಸಿಲಿತ್ತು. ಆನೆಕಾಡಿನ ಹತ್ತಿರ ಹನಿ ಶುರುವಾಯಿತು. ಸುಂಟಿಕೊಪ್ಪ ದಾಟುವಾಗ ವೈಪರ್ ಜೋರು ಮಾಡಬೇಕಾಯಿತು. ಮಡಿಕೇರಿಯ ಮನೆ ಮುಂದೆ ನಿಲ್ಲಿಸಿದ ಮೇಲೆ ಮೂರು ದಿನ ಮಳೆ ಬಿಡಲೇ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಮ್ಯಾಟ್ ಎತ್ತಿ ನೋಡಿದೆ, ಒಣಗಿಯೇ ಇತ್ತು. ಕಾರ್ಪೆಟ್ ಮೇಲೆ ಕೈ ಆಡಿಸಿದೆ, ತಣ್ಣಗಿತ್ತು, ಅಷ್ಟೇ. ಗ್ಯಾರೇಜಿನ ಹುಡುಗ ಬಂದು ನಕ್ಕ. "ಸಾರ್, ಮೇಲೆ ಸವರಿದ್ರೆ ಏನೂ ಗೊತ್ತಾಗಲ್ಲ" ಅಂದವನೇ ಎಡಬಾಗಿಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಕಿತ್ತ. ಕಾರ್ಪೆಟ್ ಅಂಚು ಎತ್ತಿ ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ, ಏನನ್ನೋ ಹಿಡಿದು ಹಿಂಡಿದ. ಅವನ ಮಣಿಕಟ್ಟಿನ ಮೇಲೆ ಕಂದು ನೀರು ಹರಿದು ಬಂತು.

ದೊಡ್ಡ ಕಾರುಗಳ ಕಾರ್ಪೆಟ್ ಅಡಿಯಲ್ಲಿ ದಪ್ಪ ಫೋಮ್ ಇರುತ್ತದೆ, ಕೆಲವು ಕಡೆ ಮೂರ್ನಾಲ್ಕು ಸೆಂಟಿಮೀಟರ್. ರಸ್ತೆಯ ಸದ್ದು ಒಳಗೆ ಬಾರದಿರಲಿ ಅಂತ ಅದನ್ನು ಹಾಕುತ್ತಾರೆ. ಆ ಗಂಭೀರ ಮೌನಕ್ಕೆ ಅರ್ಧ ಕಾರಣವೇ ಅದು. ಆದರೆ ಫೋಮ್ ಅಂದರೆ ಸಾವಿರಾರು ಸಣ್ಣ ತೂತುಗಳು. ಚಹಾಕ್ಕೆ ಅದ್ದಿದ ಬಿಸ್ಕತ್ತಿನ ಹಾಗೆ ನೀರನ್ನು ತಾನೇ ಎಳೆದುಕೊಳ್ಳುತ್ತದೆ, ಬಿಡುವುದಿಲ್ಲ. ಮೇಲಿನ ಬಟ್ಟೆ ಒಣಗಿದರೂ ಅಡಿಯಲ್ಲಿ ಲೀಟರ್‌ಗಟ್ಟಲೆ ನೀರು ಕೂತಿರಬಹುದು.

ಕಿಟಕಿ ತೆಗೆದಿಟ್ಟರೆ ಒಣಗುವುದಿಲ್ಲವೇ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. 20 ಡಿಗ್ರಿ ಬಿಸಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹೊರಬಲ್ಲದು. ಮಡಿಕೇರಿಯ ಮಳೆಗಾಲದಲ್ಲಿ ತೇವ ಶೇಕಡ 90 ಅಂದುಕೊಂಡರೆ, 15 ಗ್ರಾಂಗೂ ಜಾಸ್ತಿ ಆಗಲೇ ತುಂಬಿಕೊಂಡಿರುತ್ತದೆ. ಉಳಿದ ಜಾಗ ಎರಡು ಗ್ರಾಂಗೂ ಕಡಿಮೆ. ಕಾರಿನೊಳಗೆ ಸುಮಾರು ಮೂರು ಘನ ಮೀಟರ್ ಗಾಳಿ ಇದೆ ಅಂತಿಟ್ಟುಕೊಳ್ಳಿ. ಅಷ್ಟೂ ಗಾಳಿ ಸೇರಿ ಫೋಮ್‌ನಿಂದ ಎತ್ತಬಲ್ಲದ್ದು ಒಂದು ಟೀ ಚಮಚ ನೀರು! ಬೆಂಗಳೂರಿನ ಏಪ್ರಿಲ್ ಬೇರೆ. 34 ಡಿಗ್ರಿ, ಶೇಕಡ 30 ತೇವ ಇದ್ದರೆ ಪ್ರತಿ ಘನ ಮೀಟರ್‌ನಲ್ಲೂ 26 ಗ್ರಾಂನಷ್ಟು ಜಾಗ ಖಾಲಿ. ಅಲ್ಲಿ ತಾನಾಗಿ ಆರಿಹೋಗುತ್ತಿದ್ದ ಸೋರಿಕೆ ಇಲ್ಲಿ ಬಂದು ಬೂಸ್ಟು ಹಿಡಿಯುತ್ತದೆ. ಮಾರಿದವರು ಸುಳ್ಳು ಹೇಳಿರಲಿಕ್ಕಿಲ್ಲ, ಅವರಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ಅಂದಿನಿಂದ ನನ್ನ ತಪಾಸಣೆಯೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತು. ಈ ಕಾರಿನಲ್ಲಿ ನೀರು ಎಲ್ಲೆಲ್ಲಿದೆ?

ಮೊದಲು ಒಳಗಿನ ನೀರು ಯಾವುದು ಅಂತ ತಿಳಿಯಬೇಕು. ಅಂಟಂಟು, ಸಿಹಿ ವಾಸನೆ, ಬಣ್ಣ ಇದ್ದರೆ ಅದು ಹೀಟರ್‌ನಿಂದ ಸೋರಿದ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ಎಸಿ ಹಾಕಿ ಓಡಿಸಿದ ದಿನ ಮಾತ್ರ ಒದ್ದೆಯಾಗುತ್ತಿದ್ದರೆ ಎಸಿ ನೀರು. ಎಸಿಯ ತಣ್ಣನೆ ಕಾಯಿಲ್ ಮೇಲೆ ಗಾಳಿಯ ತೇವ ಹನಿಗಟ್ಟಿ, ಒಂದು ಕೊಳವೆಯಲ್ಲಿ ಕಾರಿನ ಅಡಿಗೆ ಬೀಳಬೇಕು. ಮಳೆಗಾಲದಲ್ಲಿ ಇಪ್ಪತ್ತು ನಿಮಿಷ ಎಸಿ ಓಡಿದ ಮೇಲೂ ಕಾರಿನಡಿ ಹನಿ ಬೀಳದಿದ್ದರೆ ಕೊಳವೆ ಕಟ್ಟಿದೆಯೇ ಅಂತ ಅನುಮಾನಪಡಬೇಕು. ಇವೆರಡೂ ಅಲ್ಲವಾದರೆ ಮಳೆ ನೀರು. ನನ್ನದು ಮಳೆ ನೀರೇ, ಒಳಗೆ ಬಂದದ್ದು ಸನ್‌ರೂಫ್‌ನಿಂದ.

ಸನ್‌ರೂಫ್‌ನ ರಬ್ಬರ್ ಹಾಳಾಗಿದೆ ಅಂತ ನಾನು ತಿಳಿದಿದ್ದೆ. ನಿಜ ಏನೆಂದರೆ, ಆ ರಬ್ಬರ್ ಪೂರ್ತಿ ನೀರು ತಡೆಯಲಿ ಅಂತ ಯಾರೂ ಮಾಡಿರುವುದೇ ಇಲ್ಲ. ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ. ಬಂದದ್ದನ್ನು ಹಿಡಿಯಲು ಗಾಜಿನ ಸುತ್ತ ಒಂದು ತೊಟ್ಟಿಯಂಥ ಚಡಿ, ಅದರ ನಾಲ್ಕು ಮೂಲೆಗಳಿಂದ ಪೆನ್ಸಿಲ್ ಗಾತ್ರದ ಕೊಳವೆಗಳು. ಮುಂದಿನ ಎರಡು ಮುಂಭಾಗದ ಕಂಬಗಳೊಳಗೆ, ಹಿಂದಿನ ಎರಡು ಹಿಂಭಾಗದ ಕಂಬಗಳೊಳಗೆ ಇಳಿದು ಹೊರಗೆ ಹೋಗುತ್ತವೆ. ನಮ್ಮ ಹೆಂಚಿನ ಮನೆಯ ಸೂರಿನ ನೀರು ಹರಿಸುವ ದೋಣಿ ಹೇಗೋ ಹಾಗೆ. ದೋಣಿಗೆ ಎಲೆ ಬಿದ್ದು ಕಟ್ಟಿಕೊಂಡರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಹೇಳಬೇಕೆ?

ಪರೀಕ್ಷೆ ಸುಲಭ. ಸನ್‌ರೂಫ್ ತೆಗೆದು ಒಂದು ಮೂಲೆಗೆ ಅರ್ಧ ಲೋಟ ನೀರನ್ನು ನಿಧಾನವಾಗಿ ಬಿಡಿ. ಕ್ಷಣದಲ್ಲೇ ಅದೇ ಬದಿಯ ಚಕ್ರದ ಹತ್ತಿರ ನೀರು ಬೀಳಬೇಕು. ನನ್ನ ಕಾರಿನ ಮುಂದಿನ ಎಡ ಮೂಲೆಯಲ್ಲಿ ನೀರು ಸುಮ್ನೆ ನಿಂತಿತು. ಕಂಪ್ರೆಸರ್ ಗಾಳಿ ಊದಲೇ ಅಂತ ಕೇಳಿದೆ. ಹುಡುಗ ಬೇಡ ಅಂದ. ಒತ್ತಡಕ್ಕೆ ಕೊಳವೆ ಎಲ್ಲೋ ಒಳಗೆ ಕಳಚಿಕೊಂಡರೆ ಇಡೀ ಚಾವಣಿಯ ಬಟ್ಟೆ ಬಿಚ್ಚಬೇಕಾಗುತ್ತದೆ. ತೋಟದ ವೀಡ್ ಕಟರ್‌ಗೆ ಹಾಕುವ ನೈಲಾನ್ ದಾರ ತಂದು, ತುದಿಯನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡಿ, ಮೆಲ್ಲಗೆ ಇಳಿಸಿದೆವು. ಕೆಳಗಿನಿಂದ ಕಪ್ಪು ಕೆಸರಿನ ಒಂದು ಸಣ್ಣ ಉಂಡೆ ಬಿತ್ತು. ಹಿಂದೆಯೇ ಬಳಬಳ ನೀರು. ಧೂಳು, ಹೂವಿನ ಪರಾಗ, ಎಲೆ ಪುಡಿ ಎಲ್ಲ ಸೇರಿ ಆದ ಬಿರಡೆ ಅದು. ಹತ್ತು ರೂಪಾಯಿಯ ದಾರದಲ್ಲಿ ಮುಗಿದ ಕೆಲಸ. ಹೀಗೇ ಬಿಟ್ಟಿದ್ದರೆ ಸೀಟಿನಡಿಯ ವೈರ್‌ಗಳೂ ಕೆಲವು ಕಾರುಗಳಲ್ಲಿ ಅಲ್ಲೇ ಇರುವ ಕಂಪ್ಯೂಟರ್ ಪೆಟ್ಟಿಗೆಗಳೂ ನೆನೆಯುತ್ತಿದ್ದವು. ಒದ್ದೆ ಕನೆಕ್ಟರ್‌ಗೆ 12 ವೋಲ್ಟಿನ ಕರೆಂಟ್ ಹರಿದರೆ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪಾವಳಿ. ಸೀಟಿನಡಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗ್‌ನದು.

ಬಾನೆಟ್ ಎತ್ತಿದಾಗ ವೈಪರ್‌ಗಳ ಕೆಳಗಿನ ಚಡಿಯಲ್ಲೂ ಇದೇ ಕಥೆ. ಸಿಲ್ವರ್ ಓಕ್ ಮರದಡಿ ನಿಲ್ಲಿಸುವವರಂತೂ ವಾರಕ್ಕೊಮ್ಮೆ ಅಲ್ಲಿ ಕೈ ಹಾಕಿ ಎಲೆ ತೆಗೆಯಲೇಬೇಕು.

ಬೆಂಗಳೂರಿನ ಕಾರು ಅಂದಮೇಲೆ ಇನ್ನೊಂದು ಭಯ. 2022ರ ಸೆಪ್ಟೆಂಬರ್ ಮಳೆಗೆ ಅಲ್ಲಿನ ಪೂರ್ವ ಭಾಗದ ಶ್ರೀಮಂತ ಬಡಾವಣೆಗಳಲ್ಲಿ ಎಷ್ಟೋ ದುಬಾರಿ ಕಾರುಗಳು ಮುಳುಗಿದ್ದವು. ತೊಳೆದು, ಒರೆಸಿ, ಸುವಾಸನೆ ಹೊಡೆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಕೆಸರು ತೊಳೆಯುವವನ ಕೈ ಹೋಗದ ಕಡೆ ಕೂತಿರುತ್ತದೆ. 2018ರ ಆಗಸ್ಟ್ ತಿಂಗಳ ನೆರೆ ನೋಡಿದ ನಮ್ಮೂರಿನವರಿಗೆ ಇದು ಚೆನ್ನಾಗಿ ಗೊತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಸುರುಳಿಯ ಒಳಭಾಗದ ಪಟ್ಟಿಯಲ್ಲಿ ಮಣ್ಣಿನ ಗೆರೆ ಇದೆಯೇ ಅಂತ. ಸೀಟಿನ ಕಂಬಿ ತುಕ್ಕು ಹಿಡಿದಿದೆಯೇ? ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಸಣ್ಣ ಮರಳಿದೆಯೇ? ನನ್ನದರಲ್ಲಿ ಮೂರೂ ಇರಲಿಲ್ಲ. ಆ ಸಂಜೆ ಊಟ ಸ್ವಲ್ಪ ಜಾಸ್ತಿಯೇ ಸೇರಿತು.

ಇನ್ನು ಬ್ರೇಕ್ ಆಯಿಲ್. ಇದು ಆಯಿಲ್ ಅಲ್ಲವೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವವನ್ನು ಹೀರುತ್ತದೆ. ಡಬ್ಬದ ಮುಚ್ಚಳದ ಸಣ್ಣ ತೂತಿನಿಂದ, ರಬ್ಬರ್ ಹೋಸ್‌ಗಳ ಮೂಲಕ, ವರ್ಷಗಟ್ಟಲೆ ತೇವ ಸೇರುತ್ತಲೇ ಇರುತ್ತದೆ. ಅನೇಕ ಕಾರುಗಳಲ್ಲಿರುವ ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಶೇಕಡ 3.7 ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಏನು ಮಹಾ? ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ಪೆಡಲ್ ಒತ್ತಿದ ಬಲ ಚಕ್ರ ಮುಟ್ಟುತ್ತದೆ. ಕುದಿದರೆ ಗುಳ್ಳೆ ಏಳುತ್ತದೆ. ಆವಿ ಕುಗ್ಗುತ್ತದೆ. ಕಾಲು ನೆಲಕ್ಕೆ ತಾಗಿದರೂ ಕಾರು ನಿಲ್ಲುವುದಿಲ್ಲ.

ಬಯಲುಸೀಮೆಯಲ್ಲಿ ಇದು ಪುಸ್ತಕದ ಮಾತು. ನಮಗೆ ಹಾಗಲ್ಲ. ಮಡಿಕೇರಿಯಿಂದ ಸಂಪಾಜೆ ದಾಟಿ ಸುಳ್ಯ ತಲುಪುವ ಹೊತ್ತಿಗೆ ಸುಮಾರು 1000 ಮೀಟರ್ ಇಳಿದಿರುತ್ತೇವೆ. ಜನ, ಲಗೇಜು ಸೇರಿ ಎರಡು ಟನ್ ತೂಗುವ ಕಾರು ಅಷ್ಟು ಇಳಿದರೆ ಸುಮಾರು ಎರಡು ಕೋಟಿ ಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಬಚ್ಚಲ ಹಂಡೆಯಲ್ಲಿ 60 ಲೀಟರ್ ತಣ್ಣೀರನ್ನು ಮರಳಿಸುವಷ್ಟು ಬಿಸಿ ಅದು! ಅದರಲ್ಲಿ ಒಂದು ಪಾಲು ಗಾಳಿಗೆ, ಟಯರಿಗೆ ಹೋಗುತ್ತದೆ. ಗೇರ್ ಇಳಿಸಿದರೆ ಇನ್ನೊಂದು ಪಾಲನ್ನು ಎಂಜಿನ್ ಹೊರುತ್ತದೆ. ಆಟೋಮ್ಯಾಟಿಕ್ ಕಾರನ್ನು 'ಡಿ'ಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿಯುವವರು ಆ ಪಾಲನ್ನೂ ನಾಲ್ಕು ಬ್ರೇಕ್ ಡಿಸ್ಕ್‌ಗಳ ತಲೆಗೆ ಕಟ್ಟುತ್ತಾರೆ. ಗೇರನ್ನು ನಾವೇ ಇಳಿಸುವ ಮ್ಯಾನ್ಯುಯಲ್ ಮೋಡ್ ಇರುವುದು ಶೋಕಿಗಲ್ಲ.

ಕಾಫಿ ಬೀಜದ ತೇವ ನೋಡದೆ ಚೀಲ ಕಟ್ಟದ ನಾವು ಬ್ರೇಕ್ ಆಯಿಲ್‌ನ ತೇವ ನೋಡುವುದೇ ಇಲ್ಲ. ಅದಕ್ಕೂ ಪೆನ್ನಿನಂಥ ಮೀಟರ್ ಸಿಗುತ್ತದೆ. ಗ್ಯಾರೇಜಿನಲ್ಲಿ ಅದ್ದಿ ನೋಡಿದಾಗ ಕೆಂಪು ದೀಪ ಹತ್ತಿತು. ಹಳೆಯ ದ್ರವ ತೆಗೆದಾಗ ಕಷಾಯದ ಬಣ್ಣ, ಹೊಸದು ತೆಳು ಜೇನಿನ ಬಣ್ಣ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸಾಮಾನ್ಯ ರೂಢಿ. ಕೊಡಗಿನಲ್ಲಿ ಅದನ್ನು ಮುಂದೂಡುವುದು ನನ್ನ ಪ್ರಕಾರ ಹುಚ್ಚುತನ.

ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುವಿ ನೋಡಿದಾಗ ಇನ್ನೊಂದು ಗಾಬರಿ. ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ನೊರೆ ಅಂಟಿತ್ತು. ಎಂಜಿನ್ನಿನ ಒಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲ್‌ಗೆ ಸೇರಿದರೂ ಹೀಗೇ ಕಾಣುತ್ತದೆ. ಅದರ ಖರ್ಚು ಕೇಳಿದರೆ ಕಾರು ಅಲ್ಲೇ ಬಿಟ್ಟು ಬರೋಣ ಅನ್ನಿಸುತ್ತದೆ. ಆದರೆ ಕೂಲೆಂಟ್ ಮಟ್ಟ ಇಳಿದಿರಲಿಲ್ಲ. ಹಾಗಾದರೆ ನೀರು ಎಲ್ಲಿಂದ? ಪೆಟ್ರೋಲ್‌ನಿಂದಲೇ! ಪೆಟ್ರೋಲ್‌ನಲ್ಲಿರುವ ಹೈಡ್ರೋಜನ್ ಉರಿದು ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಹೆಚ್ಚಿನದು ಸೈಲೆನ್ಸರ್‌ನಿಂದ ಆವಿಯಾಗಿ ಹೋಗುತ್ತದೆ. ಸ್ವಲ್ಪ ಪಿಸ್ಟನ್ ಪಕ್ಕದಿಂದ ನುಸುಳಿ ಆಯಿಲ್ ಇರುವ ಕಡೆ ಸೇರುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದೂ ಆರಿಹೋಗುತ್ತದೆ. ಮನೆಯಿಂದ ಮಾರ್ಕೆಟ್‌ಗೆ, ಮಾರ್ಕೆಟ್‌ನಿಂದ ಮನೆಗೆ ಅಂತ ಎರಡೇ ಕಿಲೋಮೀಟರ್ ಓಡಿಸಿದರೆ ತಣ್ಣನೆ ಮುಚ್ಚಳದ ಮೇಲೆ ಹನಿಗಟ್ಟಿ ಆಯಿಲ್ ಜೊತೆ ನೊರೆಯಾಗುತ್ತದೆ. ಒಂದು ಭಾನುವಾರ ಕುಶಾಲನಗರಕ್ಕೆ ಹೋಗಿ ಬಂದೆ. ನೊರೆ ಒರೆಸಿದ್ದು ಮತ್ತೆ ಬರಲಿಲ್ಲ.

ಕೂಲೆಂಟ್ ವಿಷಯದಲ್ಲಿ ಒಂದು ಜಗಳವಿದೆ. 'ಇಲ್ಲೇನು ಹಿಮ ಬೀಳುತ್ತಾ, ತೋಡಿನ ನೀರು ಹಾಕಿ' ಅನ್ನುವವರು ಈಗಲೂ ಇದ್ದಾರೆ. ಹಳೇ ಜೀಪಿಗೆ ನಡೆಯುತ್ತಿತ್ತೋ ಏನೋ. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಈಗಿನ ಎಂಜಿನ್‌ಗಳು 100ರ ಆಸುಪಾಸಿನಲ್ಲೇ ಓಡುತ್ತವೆ. ಕುಕ್ಕರ್‌ನ ಹಾಗೆ ಒತ್ತಡದಲ್ಲಿ ಮುಚ್ಚಿಟ್ಟಿರುವುದರಿಂದ ಮಾತ್ರ ಒಳಗಿನದು ಕುದಿಯದೆ ಇರುತ್ತದೆ. ಹತ್ತು ವರ್ಷದ ಪ್ಲಾಸ್ಟಿಕ್ ಟ್ಯಾಂಕ್, ಪ್ಲಾಸ್ಟಿಕ್ ಪೈಪ್ ಬಿಸಿ ತಿಂದು ಹಪ್ಪಳದಂತಾಗಿರುತ್ತವೆ. ಒಂದು ಬಿರುಕು ಸಾಕು, ಒತ್ತಡ ಹೋಯಿತು, ಕುದಿ ಶುರು. ಬರೀ ನೀರು ಹಾಕಿದರೆ ಅಲ್ಯೂಮಿನಿಯಂ ಭಾಗಗಳು ಸವೆಯುವುದು ಬೇರೆ. ಟ್ಯಾಂಕಿನ ಅಂಚಿನಲ್ಲಿ ಬಿಳಿ ಅಥವಾ ಗುಲಾಬಿ ಪುಡಿ ಒಣಗಿದ್ದರೆ ಅಲ್ಲಿ ಸೋರಿದೆ ಅಂತಲೇ ಅರ್ಥ. ನೋಡುವುದು ಎಂಜಿನ್ ತಣ್ಣಗಿದ್ದಾಗ ಮಾತ್ರ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಮುಖಕ್ಕೇ ಹಾರುತ್ತದೆ.

ಟಯರ್‌ನ ವಯಸ್ಸು ಅದರ ಮೈಮೇಲೇ ಬರೆದಿರುತ್ತದೆ. ನಾಲ್ಕು ಅಂಕಿ, 2319 ಅಂದರೆ 2019ರ 23ನೇ ವಾರ. ನನ್ನದರ ಚಡಿ ಎರಡು ಮಿಲಿಮೀಟರ್ ಉಳಿದಿತ್ತು. ಕಾನೂನಿನ ಮಿತಿ 1.6. 'ಇನ್ನೂ ಓಡುತ್ತೆ' ಅಂದರು. ಲೆಕ್ಕ ಹಾಕಿದೆ. 22 ಸೆಂಟಿಮೀಟರ್ ಅಗಲದ ಟಯರ್, ರಸ್ತೆ ಮೇಲೆ ಮೂರು ಮಿಲಿಮೀಟರ್ ನೀರು, ವೇಗ 80 ಕಿಲೋಮೀಟರ್. ಒಂದೊಂದು ಮುಂದಿನ ಟಯರೂ ಪ್ರತಿ ಸೆಕೆಂಡಿಗೆ 15 ಲೀಟರ್, ಅಂದರೆ ಒಂದು ಬಕೆಟ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳದಿದ್ದರೆ ನೀರಿನ ಮೇಲೆ ತೇಲುತ್ತದೆ. ನಾಲ್ಕೂ ಬದಲಿಸಿದೆ.

ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಸ್ಕ್ಯಾನರ್, ಪೇಂಟಿನ ದಪ್ಪ ಅಳೆಯುವ ಮೀಟರ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದಕ್ಕೆ ಎರಡೇ ಮಾತು. ಸ್ಕ್ಯಾನರ್‌ನಲ್ಲಿ ದೋಷವೇ ಇಲ್ಲ ಅಂತ ಬಂದರೆ ಖುಷಿಪಡುವ ಮೊದಲು ಕಾರಿನ ಸ್ವಯಂ ಪರೀಕ್ಷೆಗಳು ಪೂರ್ತಿ ಆಗಿವೆಯೇ ನೋಡಿ. ಬಹಳಷ್ಟು ಬಾಕಿ ಇದ್ದರೆ ಯಾರೋ ಮೊನ್ನೆ ಮೊನ್ನೆ ದೋಷಗಳ ದಾಖಲೆ ಅಳಿಸಿರಬಹುದು. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಬಾಗಿಲು ಮಾತ್ರ 400 ತೋರಿಸಿದರೆ ಅಡಿಯಲ್ಲಿ ಪುಟ್ಟಿ ಇರಬಹುದು. ಸ್ಪ್ರಿಂಗ್ ಬದಲು ಗಾಳಿಚೀಲದ ಮೇಲೆ ಕಾರು ನಿಲ್ಲಿಸುವ ಏರ್ ಸಸ್ಪೆನ್ಷನ್ ನನ್ನ ಕಾರಿಗಿಲ್ಲ, ಪುಣ್ಯ. ಇದ್ದವರು ರಾತ್ರಿ ನಾಲ್ಕೂ ಮೂಲೆಯ ಎತ್ತರ ಅಳೆದು, ಬೆಳಿಗ್ಗೆ ಮತ್ತೆ ಅಳೆಯಲಿ, ಗಾಳಿ ಸೋರಿದ್ದರೆ ಆ ಮೂಲೆ ತಗ್ಗಿರುತ್ತದೆ.

ಕಾರ್ಪೆಟ್ ಕಥೆ ಹೇಳಿ ಮುಗಿಸುತ್ತೇನೆ. ಬ್ಯಾಟರಿ ಕಳಚಿ, ಸೀಟು ಬಿಚ್ಚಿ, ಎಡಭಾಗದ ಫೋಮ್ ಹೊರಗೆ ತೆಗೆದೆವು. ತೂಕ ನೋಡಿ ಇಬ್ಬರೂ ಬೆರಗಾದೆವು, ಎತ್ತಲು ಎರಡು ಕೈ ಬೇಕಾಯಿತು. ಬಿಸಿಲಂತೂ ಇಲ್ಲ. ಒಲೆಯಿರುವ ಕೋಣೆಯಲ್ಲಿ, ಬೆಂಕಿಗೆ ದೂರವಾಗಿ, ಹಗ್ಗ ಕಟ್ಟಿ ನೇತುಹಾಕಿದೆವು. ಒಂಬತ್ತು ದಿನ ಹಿಡಿಯಿತು. ಈಗ ಪ್ರತಿ ಶನಿವಾರ ರಾತ್ರಿ ಕಾರ್ಪೆಟ್ ಅಡಿಗೆ ನಾಲ್ಕು ಕಡೆ ಹಳೆ ಪೇಪರ್ ತೂರಿಸಿಡುತ್ತೇನೆ. ಬೆಳಿಗ್ಗೆ ತೆಗೆದಾಗ ಗರಿಗರಿಯಾಗಿ ಸದ್ದು ಮಾಡಬೇಕು. ಮೂರು ಕಡೆ ಮಾಡುತ್ತಿದೆ. ಹಿಂದಿನ ಬಲಬದಿಯ ಪೇಪರ್ ಮಾತ್ರ ಮೆತ್ತಗೆ ಬರುತ್ತಿದೆ. ಆ ಮೂಲೆಯ ಕೊಳವೆಗೆ ನೈಲಾನ್ ದಾರ ಇನ್ನೂ ಇಳಿಸಿಲ್ಲ.