ಕೈಗುಣ ಅಲ್ಲ, ಫೀಡ್‌ಬ್ಯಾಕ್

ನಮ್ಮೂರಲ್ಲಿ ಮದುವೆ, ಜಾತ್ರೆ, ಗಣೇಶನ ಪೆಂಡಾಲು ಎಲ್ಲಕ್ಕೂ ಮೈಕ್ ಸೆಟ್ ಹಾಕ್ತಿದ್ದ ಮಾವ ಒಬ್ರಿದ್ರು, ರಿಪೇರಿನೂ ಅವರೇ ಮಾಡ್ಕೊಳ್ತಿದ್ರು. ಒಂಬತ್ತನೇ ಕ್ಲಾಸಲ್ಲಿದ್ದಾಗ ನಾನು ಅವರ ಅಂಗಡಿ ಹಲಗೆ ಮೇಲೆ ಕೂತು ನನ್ನ ಮೊದಲನೇ ಆಂಪ್ಲಿಫೈಯರ್ ಕಟ್ಟಿದೆ, ಬ್ಯಾಟರಿ ಸಿಕ್ಕಿಸಿದ ತಕ್ಷಣ ಅದು ಹಾಡೋ ಬದಲು ಟುಕು ಟುಕು ಟುಕು ಅಂತ ದೋಣಿ ಇಂಜಿನ್ ಥರ ಬಡ್ಕೊಳ್ಳೋಕೆ ಶುರು ಮಾಡ್ತು. ಮಾವ ಕಾಫಿ ಲೋಟ ಕೆಳಗಿಟ್ಟು "ಇದಕ್ಕೆಲ್ಲಾ ಕೈಗುಣ ಬೇಕು ಕಣೋ, ಎಲ್ಲರ ಕೈಗೂ ಒಲಿಯಲ್ಲ" ಅಂದ್ರು. ತುಂಬಾ ಒಳ್ಳೇ ಮನುಷ್ಯ, ನಂಗೆ ಬೆಸುಗೆ ಹಾಕೋದು ಕಲಿಸಿದ್ದೇ ಅವರು. ಆದ್ರೆ ಆ ಮಾತು ತಪ್ಪು. ಆ ಒಂದು ಮಾತು ಕೇಳಿ ಸೋಲ್ಡರಿಂಗ್ ಐರನ್ ಎತ್ತಿಟ್ಟು ಮತ್ತೆ ಮುಟ್ಟದೇ ಇರೋ ಹುಡುಗ್ರು ಹುಡುಗೀರು ಎಷ್ಟು ಜನ ಇದಾರೋ ಅಂತ ಯೋಚನೆ ಮಾಡಿದ್ರೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಯಾಕಂದ್ರೆ ಆಂಪ್ಲಿಫೈಯರ್ ವಿಜ್ಞಾನದಲ್ಲಿ ಸುಮಾರು ನೂರು ವರ್ಷದ ಹಿಂದೆ ಒಬ್ಬ ಕಂಡುಹಿಡಿದ ದೊಡ್ಡ ವಿಷಯಾನೇ ಕೈಗುಣ ಬೇಡ ಅನ್ನೋದು. ಕಟ್ಟೋರ ಕೈಗುಣ ಹಾಗಿರಲಿ, ಒಳಗಿರೋ ಬಿಡಿಭಾಗದ ಗುಣಾನೂ ಇಷ್ಟೇ ಇರಬೇಕು ಅಂತಿಲ್ಲ.

ಮೊದಲು ಎಲ್ಲರ ತಲೇಲೂ ಇರೋ ಒಂದು ತಪ್ಪು ಚಿತ್ರ ತೆಗೆದುಹಾಕ್ಬೇಕು. ಆಂಪ್ಲಿಫೈಯರ್ ಅಂದ್ರೆ ಸಣ್ಣ ಸೌಂಡನ್ನ ಹಿಡ್ಕೊಂಡು ಬಲೂನ್ ಥರ ಊದಿ ದೊಡ್ಡದು ಮಾಡತ್ತೆ ಅಂತ ಅಂದ್ಕೊಂಡಿರ್ತೀವಿ, ಹಾಗಲ್ಲ. ಕೆರೆ ತೂಬು ನೋಡಿದೀರಲ್ಲ? ನೀರಗಂಟಿ ಬಂದು ತೂಬನ್ನ ಒಂದು ಗೇಣು ಎತ್ತುತಾನೆ, ಕೆಳಗಡೆ ಗದ್ದೆಗೆ ನೀರು ಭೋರ್ ಅಂತ ಹೋಗತ್ತೆ. ಆ ನೀರು ನೀರಗಂಟಿದಲ್ಲ, ಕೆರೇದು. ಅವನು ಎತ್ತಿದ್ದು ಇಳಿಸಿದ್ದು ಅಷ್ಟೇ. ನಿಮ್ಮ ಫೋನಿಂದ ಬರೋ ಪುಟ್ಟ ಸಿಗ್ನಲ್ ಇದೆಯಲ್ಲ, ಅದು ನೀರಗಂಟಿ. ಬ್ಯಾಟರಿ ಕೆರೆ. ಟ್ರಾನ್ಸಿಸ್ಟರ್ ತೂಬು. ಸ್ಪೀಕರ್‌ನಲ್ಲಿ ನೀವು ಕೇಳೋದು ಫೋನಿನ ಕರೆಂಟ್ ಅಲ್ಲವೇ ಅಲ್ಲ, ಫೋನ್ ಹೇಳಿದ ತಾಳಕ್ಕೆ ಕುಣಿಯೋ ಬ್ಯಾಟರಿ ಕರೆಂಟು. ಹಾಡಿನ ಆಕಾರ ಫೋನಿಂದು, ಮೈಬಲ ಬ್ಯಾಟರೀದು.

ಇದು ತಲೆಗೆ ಹೋಯ್ತು ಅಂದ್ರೆ ವ್ಯಾಟ್ ಮೂಢನಂಬಿಕೆಯಿಂದ ನೀವು ಬಚಾವ್. ಪುಟ್ಟ ಡಬ್ಬಿ ಮೇಲೆ 1000 ವ್ಯಾಟ್ ಪಿಎಂಪಿಒ, ಅಂದ್ರೆ ಒಂದು ಕ್ಷಣದ ಗರಿಷ್ಠ ಬಲ, ಅಂತ ಬಂಗಾರದ ಅಕ್ಷರದಲ್ಲಿ ಬರೆದಿರ್ತಾರಲ್ಲ, ಕೆರೇಲಿ ಎಷ್ಟು ನೀರಿದೆ ಅಂತ ಒಂದ್ಸಲ ಲೆಕ್ಕ ಹಾಕಿ. 9 ವೋಲ್ಟ್ ಸಪ್ಲೈ, 8 ಓಮ್ ಸ್ಪೀಕರ್ ಅಂತ ಇಟ್ಕೊಳ್ಳಿ. ಮೇಲಕ್ಕೆ ನಾಲ್ಕೂವರೆ ಕೆಳಕ್ಕೆ ನಾಲ್ಕೂವರೆ, ಒಂದು ಚೂರೂ ನಷ್ಟ ಇಲ್ಲ ಅಂದ್ಕೊಂಡ್ರೂ ಸಿಗೋದು 1.27 ವ್ಯಾಟ್. ನಿಜವಾದ ಸರ್ಕ್ಯೂಟಲ್ಲಿ ಸುಮಾರು ಅರ್ಧ ವ್ಯಾಟ್ ಬರತ್ತೆ. ಮತ್ತೆ ಆ ಅರ್ಧ ವ್ಯಾಟ್ ಒಂದು ರೂಮಿಗೆ ಧಾರಾಳ ಸಾಕು, ಒಂದು ಸಲ ಕಟ್ಟಿ ಕೇಳಿದ್ರೆ ಗೊತ್ತಾಗತ್ತೆ.

ಈಗ ಗುಣದ ವಿಷಯಕ್ಕೆ ಬರ್ತೀನಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಬಿಸಿ547 ಅಂತ ಕೇಳಿ, ಒಂದು ಹಿಡಿ ಟ್ರಾನ್ಸಿಸ್ಟರ್ ಪೇಪರಲ್ಲಿ ಸುತ್ತಿ ಕೊಡ್ತಾರೆ. ಮನೆಗೆ ಬಂದು ಮಲ್ಟಿಮೀಟರ್‌ನಲ್ಲಿ ಒಂದೊಂದನ್ನೇ ಸಿಕ್ಕಿಸಿ ಅದರ ಗೇನ್, ಅಂದ್ರೆ ಒಳಗೆ ಹೋದದ್ದಕ್ಕಿಂತ ಹೊರಗೆ ಎಷ್ಟು ಪಟ್ಟು ಬರತ್ತೆ ಅನ್ನೋದನ್ನ, ಅಳೀರಿ. ಹೋದ ವಾರ ನಾನು ಅಳೆದಾಗ ಒಂದು 240 ತೋರಿಸ್ತು, ಪಕ್ಕದ್ದು 310. ಮಾಲು ಕೆಟ್ಟದ್ದು ಅಂತೇನಲ್ಲ, ಕಂಪನಿ ಕೊಡೋ ವಿವರ ಪಟ್ಟಿ, ಅಂದ್ರೆ ಡೇಟಾಶೀಟಲ್ಲೇ 110ರಿಂದ 800ರವರೆಗೆ ಎಷ್ಟು ಬೇಕಾದ್ರೂ ಇರಬಹುದು ಅಂತ ಬರ್ದಿದಾರೆ. ಸಾಲದ್ದಕ್ಕೆ ಬಿಸಿಯಾದ್ರೆ ಒಂಥರ, ತಣ್ಣಗಾದ್ರೆ ಇನ್ನೊಂಥರ. ಒಂದೇ ಕೆರೆಗೆ ಹತ್ತು ತೂಬು, ಒಂದನ್ನ ಗೇಣು ಎತ್ತಿದ್ರೆ ಸಣ್ಣ ಧಾರೆ, ಪಕ್ಕದ್ದನ್ನ ಅಷ್ಟೇ ಎತ್ತಿದ್ರೆ ಪ್ರವಾಹ. ಇಂಥ ನಂಬಿಕೆ ಇಲ್ಲದ ಸಾಮಾನಿಂದ ನಂಬಿಕಸ್ಥ ಆಂಪ್ಲಿಫೈಯರ್ ಹೇಗೆ ಕಟ್ಟೋದು?

1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಇಂಜಿನಿಯರುಗಳನ್ನ ಕಾಡ್ತಿದ್ದದ್ದು ಇದೇ ಪ್ರಶ್ನೆ. ಆಗ ಟ್ರಾನ್ಸಿಸ್ಟರ್ ಇಲ್ಲ, ಗಾಜಿನ ಬಲ್ಬಿನಂಥ ವಾಲ್ವು. ದೂರದೂರಿಗೆ ಮಾತು ಹೋಗ್ತಾ ಹೋಗ್ತಾ ಕ್ಷೀಣ ಆಗತ್ತೆ, ಹಾಗಾಗಿ ದಾರಿ ಉದ್ದಕ್ಕೂ ಅಲ್ಲಲ್ಲಿ ಆಂಪ್ಲಿಫೈಯರ್ ಇಡಬೇಕು. ಪ್ರತಿಯೊಂದೂ ಮಾತನ್ನ ಸ್ವಲ್ಪ ಸ್ವಲ್ಪ ಕೆಡಿಸತ್ತೆ, ಒಬ್ಬರ ಕಿವೀಲಿ ಹೇಳಿದ ಮಾತು ಹತ್ತು ಕಿವಿ ದಾಟೋ ಹೊತ್ತಿಗೆ ಏನೇನೋ ಆಗತ್ತಲ್ಲ, ಹಾಗೆ. ಹೆರಾಲ್ಡ್ ಬ್ಲ್ಯಾಕ್ ಅನ್ನೋ ಯುವ ಇಂಜಿನಿಯರ್ ಇದರ ಹಿಂದೆ ಬಿದ್ದಿದ್ದ. ಮೊದಲು ಅವನೊಂದು ಉಪಾಯ ಮಾಡಿದ, ಔಟ್‌ಪುಟ್‌ನಲ್ಲಿರೋ ತಪ್ಪನ್ನ ಬೇರೆ ಮಾಡಿ, ಇನ್ನೊಂದು ಆಂಪ್ಲಿಫೈಯರಿಂದ ಅದನ್ನ ಕಳೆಯೋದು. ಕೆಲಸವೇನೋ ಆಯ್ತು, ಆದ್ರೆ ದಿನದ 24 ಗಂಟೆನೂ ಗಂಟೆಗೊಂದ್ಸಲ ಯಾರಾದ್ರೂ ಹೋಗಿ ವಾಲ್ವಿನ ಫಿಲಮೆಂಟ್ ಕರೆಂಟನ್ನ ಸರಿ ಮಾಡ್ತಾ ಇರಬೇಕಿತ್ತು. ನೋಡಿ, ಅದೇ ಕೈಗುಣ! ಹತ್ತಿರ ಕೂತು ಆರೈಕೆ ಮಾಡೋ ಒಬ್ಬ ಮನುಷ್ಯ ಇಲ್ದೇ ಇದ್ರೆ ಅದು ನಡೆಯಲ್ಲ.

1927ರ ಆಗಸ್ಟ್ 2, ಮಂಗಳವಾರ ಬೆಳಗ್ಗೆ ಬ್ಲ್ಯಾಕ್ ಹಡ್ಸನ್ ನದಿ ದಾಟೋ ಲ್ಯಾಕವಾನ ಫೆರಿಯಲ್ಲಿ ಮ್ಯಾನ್‌ಹಟನ್‌ನಲ್ಲಿದ್ದ ಆಫೀಸಿಗೆ ಹೋಗ್ತಿದ್ದ. ವಯಸ್ಸು 29. ದೋಣಿ ಮೇಲೆ ನಿಂತಿದ್ದಾಗ ಹೊಳೀತು, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪೇಪರಿನ ಒಂದು ಪುಟದ ಖಾಲಿ ಜಾಗದಲ್ಲೇ ಚಿತ್ರ, ಸಮೀಕರಣ ಬರೆದು ಸಹಿ ಹಾಕ್ಕೊಂಡ. ವಿಷಯ ಇಷ್ಟೇ: ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಗೇನ್ ಇರೋ ಆಂಪ್ಲಿಫೈಯರ್ ಕಟ್ಟು, ಔಟ್‌ಪುಟ್‌ನ ಒಂದು ಚಿಕ್ಕ ಪಾಲನ್ನ ತಿರುಗಿಸಿ ಇನ್‌ಪುಟ್‌ನಿಂದ ಕಳೆ. ಅಷ್ಟು ಕಷ್ಟಪಟ್ಟು ಸಂಪಾದಿಸಿದ ಗೇನನ್ನ ಬೇಕಂತಲೇ ಬಿಸಾಕೋದು! ಪೇಟೆಂಟ್ ಸಿಗೋಕೆ ಒಂಬತ್ತು ವರ್ಷಕ್ಕಿಂತ ಜಾಸ್ತಿ ಹಿಡೀತು, 1937ರ ಡಿಸೆಂಬರಲ್ಲಿ ಬಂತು. ಬ್ರಿಟನ್ನಿನ ಪೇಟೆಂಟ್ ಆಫೀಸಂತೂ ಇದನ್ನ ಇಂಧನ ಇಲ್ದೇ ಸದಾ ತಿರುಗೋ ಯಂತ್ರದ ಅರ್ಜಿ ಥರ ನೋಡ್ತು ಅಂತ ಬ್ಲ್ಯಾಕೇ ಮುಂದೆ ನೆನಪಿಸ್ಕೊಂಡಿದಾನೆ.

ಬಿಸಾಕಿದ್ರೆ ಏನು ಲಾಭ ಅಂತೀರಾ? ಸಾರು ಮಾಡೋ ಅಮ್ಮನ್ನ ನೋಡಿ. ಅಮ್ಮ ಉಪ್ಪನ್ನ ತಕ್ಕಡೀಲಿ ತೂಗಲ್ಲ, ಒಂದು ಹನಿ ಅಂಗೈಗೆ ಹಾಕ್ಕೊಂಡು ರುಚಿ ನೋಡ್ತಾಳೆ, ಸಪ್ಪೆ ಇದ್ರೆ ಉಪ್ಪು ಹಾಕ್ತಾಳೆ, ಜಾಸ್ತಿ ಆದ್ರೆ ನೀರು. ಹಾಗಾಗಿ ಇವತ್ತು ಕಲ್ಲುಪ್ಪು, ನಾಳೆ ಪುಡಿ ಉಪ್ಪು, ಯಾವುದಾದ್ರೂ ಸಾರು ಒಂದೇ ಥರ. ಗದ್ದೆ ಬದು ಮೇಲೆ ಸೈಕಲ್ ಹೊಡೆಯೋನೂ ಹಾಗೇ, ಹ್ಯಾಂಡಲ್ ಒಂಚೂರು ಸೊಟ್ಟ ಇದ್ರೂ ಬೀಳಲ್ಲ, ಎಡಕ್ಕೆ ವಾಲಿದ ಕ್ಷಣವೇ ಬಲಕ್ಕೆ ತಿದ್ಕೋತಾನೆ. ನಮ್ಮ ನೀರಗಂಟಿಗೂ ಅದೇ ಬುದ್ಧಿ ಕೊಡಿ: ತೂಬು ಎಷ್ಟು ಗೇಣು ಎತ್ತಿದೆ ಅಂತ ನೋಡ್ಬೇಡ, ಗದ್ದೇಲಿ ನೀರು ಎಷ್ಟು ನಿಂತಿದೆ ಅಂತ ನೋಡು, ಕಮ್ಮಿ ಇದ್ರೆ ಎತ್ತು, ಜಾಸ್ತಿ ಆದ್ರೆ ಇಳಿಸು. ಈಗ ತೂಬು ಹಳೇದಾ, ಹೊಸದಾ, ಸವೆದಿದೆಯಾ ಅನ್ನೋದು ಲೆಕ್ಕಕ್ಕೇ ಬರಲ್ಲ. ಇದೇ ನೆಗೆಟಿವ್ ಫೀಡ್‌ಬ್ಯಾಕ್.

ಅಂಕಿ ನೋಡಿದ್ರೆ ಇನ್ನೂ ಖುಷಿ ಆಗತ್ತೆ. ಒಳಗಿನ ಗೇನ್ 10000 ಅಂದ್ಕೊಳ್ಳಿ, ಔಟ್‌ಪುಟ್‌ನ ನೂರರಲ್ಲೊಂದು ಪಾಲು ವಾಪಸ್ ಕಳಿಸ್ತೀವಿ. 10000ದ ನೂರರಲ್ಲೊಂದು ಪಾಲು 100, ಅದಕ್ಕೆ ಒಂದು ಸೇರಿಸಿದ್ರೆ 101, 10000ವನ್ನ ಆ 101ರಿಂದ ಭಾಗಿಸಿದ್ರೆ ಸುಮಾರು 99. ಈಗ ಟ್ರಾನ್ಸಿಸ್ಟರ್ ಬದಲಾಯಿಸಿದ್ವಿ, ಒಳಗಿನ ಗೇನ್ ಅರ್ಧಕ್ಕರ್ಧ ಬಿದ್ದು 5000 ಆಯ್ತು. 5000ವನ್ನ 51ರಿಂದ ಭಾಗಿಸಿ, 98. ಒಳಗಡೆ ಅರ್ಧ ಸಾಮ್ರಾಜ್ಯವೇ ಮುಳುಗಿದ್ರೂ ಹೊರಗಡೆ ನೂರಕ್ಕೆ ಒಂದು ವ್ಯತ್ಯಾಸ! ನಂಗೆ ಈ ಲೆಕ್ಕ ಮೊದಲ ಸಲ ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ. ಗೇನನ್ನ ಈಗ ನಿರ್ಧಾರ ಮಾಡ್ತಿರೋದು ಟ್ರಾನ್ಸಿಸ್ಟರ್ ಅಲ್ಲ, ಪಾಲು ಹಂಚೋ ಎರಡು ರೆಸಿಸ್ಟರು, ಅಂದ್ರೆ ಕರೆಂಟನ್ನ ತಡೆಯೋ ಬಿಡಿಭಾಗ, ಮತ್ತು ರೆಸಿಸ್ಟರ್ ಪಾಪ ತಣ್ಣಗೆ ಹೇಳಿದಷ್ಟು ಓಮ್ ಇರತ್ತೆ.

ಇದನ್ನ ಕೈಯಾರೆ ನೋಡೋಕೆ ಎಲ್‌ಎಂ386 ಅನ್ನೋ ಐಸಿ, ಅಂದ್ರೆ ಪೂರ್ತಿ ಆಂಪ್ಲಿಫೈಯರ್ ಒಳಗಿರೋ ಚಿಪ್, ಅದಕ್ಕಿಂತ ಒಳ್ಳೇದು ಹೊಸಬರಿಗೆ ಇನ್ನೊಂದಿಲ್ಲ. ಎಂಟು ಕಾಲು, ಹುಣಸೆ ಬೀಜದಷ್ಟು ಮೈ. ಒಳಗೆ 15000 ಓಮ್‌ದೊಂದು ರೆಸಿಸ್ಟರ್ ಫೀಡ್‌ಬ್ಯಾಕ್ ತರತ್ತೆ, ಇನ್ನೊಂದು ಕಡೆ 1350 ಮತ್ತು 150 ಓಮ್ ಒಂದರ ಹಿಂದೆ ಒಂದು. 15000ದ ಎರಡರಷ್ಟನ್ನ 1500ರಿಂದ ಭಾಗಿಸಿದ್ರೆ 20, ಅದೇ ಅದರ ಗೇನ್. 1 ಮತ್ತು 8ನೇ ಕಾಲಿನ ಮಧ್ಯ 10 ಮೈಕ್ರೋಫ್ಯಾರಡ್ ಕೆಪಾಸಿಟರ್ (ನಿಂತ ವೋಲ್ಟೇಜನ್ನ ತಡೆದು ಅಲುಗೋ ಸಿಗ್ನಲ್ ಮಾತ್ರ ಬಿಡೋ ಬಿಡಿಭಾಗ) ಹಾಕಿ, ಸಿಗ್ನಲ್ 1350ನ್ನ ಬಿಟ್ಟು ಅಡ್ಡದಾರಿ ಹಿಡಿಯತ್ತೆ, ಉಳಿದದ್ದು 150, ಗೇನ್ 200. ಯಾವ ಅಂಗಡೀಲಿ ತಂದ್ರೂ, ಯಾರ ಕೈಲಿ ಕಟ್ಟಿದ್ರೂ ಅಷ್ಟೇ ಬರತ್ತೆ. ಮಾವನ ಕಾಲದಲ್ಲಿ, ಅಂದ್ರೆ ನಮ್ಮ ಬೆಂಗಳೂರಿನ ಬಿಇಎಲ್ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡ್ತಿದ್ದ ಕಾಲದಲ್ಲಿ, ಒಂದೊಂದು ಟ್ರಾನ್ಸಿಸ್ಟರನ್ನೂ ಜೋಡಿ ನೋಡಿ ಆರಿಸಿ ಬಯಾಸ್ (ಸುಮ್ನಿದ್ದಾಗ ಹರಿಯೋ ಕರೆಂಟು) ತಿರುಗಿಸಿ ಕೂರಿಸ್ಬೇಕಿತ್ತು, ಅವರಿಗೆ ಕೈಗುಣದ ಮಾತು ಬಂದದ್ದು ಅಲ್ಲಿಂದ ಅಂತ ಈಗ ನಂಗೆ ಅರ್ಥ ಆಗತ್ತೆ.

ಹಾಗಾದ್ರೆ ನನ್ನದು ಯಾಕೆ ಟುಕು ಟುಕು ಅಂತು? ಅದೂ ಫೀಡ್‌ಬ್ಯಾಕೇ, ಆದ್ರೆ ಉಲ್ಟಾ. ಹೋಟೆಲ್ ಬಾತ್‌ರೂಮಲ್ಲಿ ಬಿಸಿನೀರಿನ ನಲ್ಲಿ ತಿರುಗಿಸ್ತೀರಿ, ಬರಲ್ಲ, ಇನ್ನೂ ತಿರುಗಿಸ್ತೀರಿ, ಆಮೇಲೆ ಸುಡುಸುಡು ಬರತ್ತೆ, ಗಾಬರಿಯಲ್ಲಿ ಮುಚ್ತೀರಿ, ಐಸ್ ಆಗತ್ತೆ. ನಿಮ್ಮ ತಿದ್ದುಪಡಿ ಸರೀನೇ, ತಡವಾಗಿ ತಲುಪ್ತು ಅಷ್ಟೇ. ತಡವಾದ ನೆಗೆಟಿವ್ ಪಾಸಿಟಿವ್ ಆಗಿಬಿಡತ್ತೆ, ಎಲ್ಲಿ ಯಾವಾಗ ಹಾಗಾಗತ್ತೆ ಅಂತ 1932ರಲ್ಲಿ ಹ್ಯಾರಿ ನೈಕ್ವಿಸ್ಟ್ ಅನ್ನೋ ಇಂಜಿನಿಯರ್ ಲೆಕ್ಕ ಕೊಟ್ಟ. ಸ್ಟೇಜ್ ಮೇಲೆ ಮೈಕನ್ನ ಸ್ಪೀಕರ್ ಎದುರು ಹಿಡಿದಾಗ ಕುಂಯ್ ಅಂತ ಕಿವಿ ಹರಿಯೋದೂ ಇದೇ ಜಾತಿ, ಔಟ್‌ಪುಟ್ ತಿರುಗಿ ಇನ್‌ಪುಟ್‌ಗೆ ಸೇರ್ಕೊಂಡು ಬೆಳೀತಾ ಹೋಗೋದು. ನನ್ನ ಕೇಸಲ್ಲಿ ಬ್ಯಾಟರಿ ಹಳೇದು. ಸ್ಪೀಕರ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸೀತು, ಆ ಕುಸಿತ ಸರ್ಕ್ಯೂಟಿನ ಮೊದಲ ಹಂತಕ್ಕೂ ತಗುಲ್ತು, ಅದು ಮತ್ತೆ ಔಟ್‌ಪುಟ್ ಅಲ್ಲಾಡಿಸ್ತು, ಹೀಗೆ ಸೆಕೆಂಡಿಗೆ ಹಲವು ಸಲ. ಬ್ಯಾಟರಿಯ ಪ್ಲಸ್ ಮೈನಸ್ ಮಧ್ಯ, ಐಸಿಗೆ ಅಂಟ್ಕೊಂಡ ಹಾಗೆ ಒಂದು 220 ಮೈಕ್ರೋಫ್ಯಾರಡ್ ಹಾಕಿದ್ರೆ ಮುಗೀತಿತ್ತು, ಗದ್ದೆ ಪಕ್ಕದಲ್ಲೇ ಸಣ್ಣ ಗುಂಡಿ ತೋಡಿ ನೀರು ಇಟ್ಕೊಂಡ ಹಾಗೆ. ಐಸಿಯ ಔಟ್‌ಪುಟ್ ಕಾಲು, ಅಂದ್ರೆ 5ನೇ ಕಾಲಿಂದ ಗ್ರೌಂಡಿಗೆ (ಬ್ಯಾಟರಿ ಮೈನಸ್‌ಗೆ) 10 ಓಮ್ ಮತ್ತು 0.05 ಮೈಕ್ರೋಫ್ಯಾರಡ್ ಸರಣಿಯಲ್ಲಿ ಹಾಕಿ ಅಂತ ಡೇಟಾಶೀಟ್ ಹೇಳೋದೂ ಇದಕ್ಕೇ, ಕಿವಿಗೆ ಕೇಳಿಸದ ಎತ್ತರದಲ್ಲಿ ಐಸಿ ತನ್ನಷ್ಟಕ್ಕೇ ಕಿರುಚೋದು ನಿಲ್ಲತ್ತೆ. ಸುಮಾರು ಜನ ಇದ್ಯಾಕೆ ಸುಮ್ನೆ ಅಂತ ಬಿಟ್ಬಿಡ್ತಾರೆ, ಐಸಿ ಬಿಸಿ ಆದಾಗ ಕಂಪನಿ ಸರಿ ಇಲ್ಲ ಅಂತಾರೆ.

ಹೋದ ದಸರಾ ರಜೆಗೆ ತಂಗಿ ಮಗಳು ಬಂದಿದ್ಲು, ಏಳನೇ ಕ್ಲಾಸು. ಬೆಸುಗೆ ಇಲ್ಲದೇ ಚುಚ್ಚಿ ಜೋಡಿಸೋ ಬ್ರೆಡ್‌ಬೋರ್ಡ್ ಮೇಲೆ ಎಲ್‌ಎಂ386 ಕೂರಿಸಿದ್ಲು, ಸ್ಪೀಕರ್ ಇನ್ನೂ ಜೋಡಿಸಿರಲಿಲ್ಲ. ಮೊದಲು 5ನೇ ಕಾಲಲ್ಲಿ ಎಷ್ಟು ವೋಲ್ಟ್ ಇದೆ ನೋಡು ಪುಟ್ಟಿ ಅಂದೆ. 4.5. "ಬ್ಯಾಟರಿ 9 ಅಲ್ವಾ ದೊಡ್ಡಮಾವ, ಅರ್ಧ ಯಾಕೆ?" ಮೇಲಕ್ಕೂ ಕೆಳಕ್ಕೂ ಸಮ ಜಾಗ ಇರ್ಲಿ ಅಂತ ಐಸಿನೇ ತನ್ನ ಔಟ್‌ಪುಟ್ ನೋಡ್ಕೊಂಡು ಅಲ್ಲಿ ನಿಂತ್ಕೊಳ್ಳತ್ತೆ, ಇದೂ ಫೀಡ್‌ಬ್ಯಾಕೇ. ಇದೇ ಕಾರಣಕ್ಕೆ ಸ್ಪೀಕರನ್ನ ನೇರ ಜೋಡಿಸಬಾರದು, ಆ ನಾಲ್ಕೂವರೆ ವೋಲ್ಟ್ ಕಾಯಿಲ್ಲನ್ನ ಸುಡತ್ತೆ, ಮಧ್ಯ ಕೆಪಾಸಿಟರ್ ಬೇಕು. 220 ಮೈಕ್ರೋಫ್ಯಾರಡ್ ಹಾಕಿದ್ರೆ 90 ಹರ್ಟ್ಸ್‌ಗಿಂತ ಕೆಳಗಿನ ಬೇಸ್ ಸೊರಗತ್ತೆ, ನಾವು 1000 ಹಾಕಿದ್ವಿ. ಫೋನ್ ಸಿಕ್ಕಿಸೋ ಮುಂಚೆ ವಾಲ್ಯೂಮ್ ಪಾಟಿನ ಇನ್‌ಪುಟ್ ಕಾಲಿಗೆ ಬೆರಳಿಟ್ಲು, ಸ್ಪೀಕರ್ ಗುಂಯ್ ಅಂತು. ಬ್ಯಾಟರಿಯಲ್ಲಿ ಓಡೋದಕ್ಕೆ ಮಾತ್ರ ಹೀಗೆ ಮುಟ್ಟಬೇಕು, ಮನೆ ಕರೆಂಟಿನದಕ್ಕೆ ಖಂಡಿತಾ ಬೇಡ. ಗೋಡೆ ವೈರಿಂಗ್‌ನ 50 ಹರ್ಟ್ಸ್ ಅವಳ ಮೈಯನ್ನೇ ಏರಿಯಲ್ ಮಾಡ್ಕೊಂಡು ಬಂದಿತ್ತು, ಆ ಗುಂಯ್ ಬಂತು ಅಂದ್ರೆ ಆಂಪ್ಲಿಫೈಯರ್ ಬದುಕಿದೆ ಅಂತ ಅರ್ಥ.

ಡಬ್ಬಿಯಲ್ಲಿ ಇನ್ನೂ ಎರಡು ಎಲ್‌ಎಂ386 ಇತ್ತು, ಒಂದು ಹೊಸದು, ಒಂದು ಯಾವುದೋ ಹಳೇ ಬೋರ್ಡಿಂದ ಬಿಚ್ಚಿದ್ದು. ಬ್ಯಾಟರಿ ತೆಗೆದು, ಒಂದೊಂದನ್ನೇ ಬದಲಾಯಿಸಿ, ಮತ್ತೆ ಬ್ಯಾಟರಿ ಹಾಕಿ 5ನೇ ಕಾಲು ಅಳೆದು ನೋಟ್‌ಬುಕ್ಕಲ್ಲಿ ಬರ್ಕೊಂಡ್ಲು. 4.5, 4.4, 4.5. ಮೂರರಲ್ಲೂ ಅದೇ ಹಾಡು, ಅದೇ ಜೋರು. ಆಮೇಲೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹುಡುಕ್ಕೊಂಡು ಬಂದು, ಪಟ್ಟಿ ಇರೋ ಕಡೆ 8ಕ್ಕೆ ಅಲ್ವಾ ಅಂತ ಎರಡು ಸಲ ಕೇಳಿ, 1ಕ್ಕೂ 8ಕ್ಕೂ ಮಧ್ಯ ಚುಚ್ಚಿದ್ಲು. ಅಡುಗೆಮನೆಯಿಂದ ತಂಗಿ ಸೌಂಡ್ ಕಮ್ಮಿ ಮಾಡಿ ಅಂತ ಕೂಗಿದ್ಲು.