ಲೆಟ್ಯೂಸ್ ಬೀಜವನ್ನು ಹೂಳಬೇಡಿ

ಚಿತ್ತೆ ಮಳೆ ಶುರುವಾಯಿತೆಂದರೆ ನಮ್ಮ ನರ್ಸರಿಗೆ, ಸಲಾಡಿಗೆ ಹಾಕುವ ಲೆಟ್ಯೂಸ್ ಸೊಪ್ಪಿನ ಬಗ್ಗೆ ಒಂದು ದೂರು ತಪ್ಪದೆ ಬರುತ್ತದೆ. "ಬೀಜ ಸರಿ ಇಲ್ಲ." ಕಳೆದ ವರ್ಷ ಹೊಸನಗರ ಕಡೆ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ಖಾಲಿ ಪ್ಯಾಕೆಟ್ ಹಿಡಿದುಕೊಂಡೇ ಬಂದಿದ್ದರು.

"ಮೂರು ಪ್ಯಾಕೆಟ್ ಹಾಕಿದೆ ಮಾರಾಯ್ರೇ, ಹುಟ್ಟಿದ್ದು ನಾಲ್ಕೇ ಗಿಡ."

"ಹೇಗೆ ಹಾಕಿದ್ರಿ?"

"ಹೇಗೆ ಅಂದ್ರೆ? ಬೆಂಡೆ ಬೀಜ ಹಾಕಿದ ಹಾಗೇ. ಬೆರಳಲ್ಲಿ ತೂತು ಮಾಡಿ, ಮಣ್ಣು ಮುಚ್ಚಿ."

ಬೀಜ ಸರಿಯಾಗೇ ಇತ್ತು. ಹೂತಿದ್ದೇ ತಪ್ಪಾಗಿತ್ತು.

ಒಂದು ಗ್ರಾಂ ಲೆಟ್ಯೂಸ್ ಬೀಜ ಅಂಗೈಗೆ ಸುರಿದರೆ ಸುಮಾರು ಸಾವಿರ ಕಾಳು ಇರುತ್ತವೆ. ಜೀರಿಗೆಯನ್ನು ಇನ್ನಷ್ಟು ಸಣ್ಣ ಮಾಡಿದ ಹಾಗೆ. ಅಷ್ಟು ಸಣ್ಣ ಬೀಜದ ಹೊಟ್ಟೆಯಲ್ಲಿ ಬುತ್ತಿ ಎಷ್ಟಿರುತ್ತದೆ ಹೇಳಿ? ಒಂದು ಇಂಚು ಮಣ್ಣು ಸರಿಸಿಕೊಂಡು ಮೇಲೆ ಬರುವ ಶಕ್ತಿ ಅದಕ್ಕಿಲ್ಲ. ಜೊತೆಗೆ ಬಹಳಷ್ಟು ತಳಿಗಳಿಗೆ ಮೊಳೆಯಲು ಬೆಳಕೂ ಬೇಕು. ಇದು ಸುಮ್ನೆ ತೋಟಗಾರರ ನಂಬಿಕೆಯಲ್ಲ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಎಂಬ ವಿಜ್ಞಾನಿಗಳು ಮತ್ತು ಜೊತೆಗಾರರು ಇದೇ ಲೆಟ್ಯೂಸ್ ಬೀಜ ಇಟ್ಟುಕೊಂಡು ಪ್ರಯೋಗ ಮಾಡಿದರು. ಕೆಂಪು ಬೆಳಕು ಬಿಟ್ಟರೆ ಮೊಳಕೆ ಬರುತ್ತಿತ್ತು. ಅದರ ಮೇಲೆ ದೂರಗೆಂಪು ಬೆಳಕು, ಅಂದರೆ ಕೆಂಪಿನ ಆಚೆಗಿನ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಬೆಳಕು ಬಿಟ್ಟರೆ ನಿಲ್ಲುತ್ತಿತ್ತು. ಮತ್ತೆ ಕೆಂಪು ಬಿಟ್ಟರೆ ಮತ್ತೆ ಬರುತ್ತಿತ್ತು. ಗಿಡಗಳು ಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ಬಣ್ಣದ್ರವ್ಯದ ಜಾಡು ಸಿಕ್ಕಿದ್ದು ಈ ದಾರಿಯಲ್ಲೇ. ಸೊಪ್ಪಿನ ಮರೆಯಲ್ಲಿ ದೂರಗೆಂಪು ಬೆಳಕೇ ಜಾಸ್ತಿ. ಹಾಗಾಗಿ ಅಡಿಕೆ ತೋಟದ ದಟ್ಟ ನೆರಳಲ್ಲಿ ಬಿದ್ದ ಬೀಜ, ಮೇಲೆ ಯಾರೋ ದೊಡ್ಡವರು ನಿಂತಿದ್ದಾರೆ ಎಂದು ತಿಳಿದು ಸುಮ್ಮನೆ ಮಲಗಿಬಿಡುತ್ತದೆ.

ಇನ್ನೊಂದು ತೊಂದರೆ ಸೆಕೆ. 15ರಿಂದ 20 ಡಿಗ್ರಿಯಲ್ಲಿ ಮೂರು ನಾಲ್ಕು ದಿನಕ್ಕೆ ಮೊಳೆಯುವ ಬೀಜ, 30 ಡಿಗ್ರಿ ದಾಟಿದರೆ ಬಹುಪಾಲು ನಿದ್ದೆಗೆ ಜಾರುತ್ತದೆ. ನಾನೂ ಇದರಲ್ಲಿ ಏಟು ತಿಂದವನೇ. ನರ್ಸರಿ ಶುರು ಮಾಡಿದ ಮೊದಲ ವರ್ಷ ಮಳೆಗೆ ಹೆದರಿ ಟ್ರೇಗಳನ್ನೆಲ್ಲ ಪ್ಲಾಸ್ಟಿಕ್ ಮಾಡಿನ ಕೆಳಗೆ ಇಟ್ಟೆ. ಮಳೆ ಬರಲಿಲ್ಲ, ಬಿಸಿಲು ಬಂತು. 98 ಗುಳಿಯ ಟ್ರೇಯಲ್ಲಿ ಹುಟ್ಟಿದ್ದು ಒಂಬತ್ತು! ಬೀಜ ಮಾರಿದವನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಉಳಿದ ಬೀಜವನ್ನು ನಮ್ಮ ಮನೆಯವಳು ಬಾವಿಕಟ್ಟೆಯ ಪಕ್ಕದ ಕುಂಡಕ್ಕೆ ಉದುರಿಸಿದ್ದಳು. ಅಲ್ಲಿ ಹುಲ್ಲು ಹುಟ್ಟಿದ ಹಾಗೆ ಹುಟ್ಟಿತ್ತು. ಫೋನ್ ಮಾಡಿ ಕ್ಷಮೆ ಕೇಳುವ ಧೈರ್ಯ ಬರಲಿಲ್ಲ.

ಈಗ ನಾನು ಮಾಡುವುದು ಹೀಗೆ. ಕಾಯಿನಾರಿನ ಪುಡಿ ಮತ್ತು ಜರಡಿ ಹಿಡಿದ ಹಳೇ ಗೊಬ್ಬರ ಬೆರೆಸಿ ಟ್ರೇ ತುಂಬುತ್ತೇನೆ. ಬಿತ್ತುವುದು ಸಂಜೆ ಐದರ ಮೇಲೆ. ನೀರು ಕುಡಿದ ಮೊದಲ ಕೆಲವು ಗಂಟೆಗಳಲ್ಲೇ ಬೀಜಕ್ಕೆ ಸೆಕೆ ತಾಗುವುದು ಜಾಸ್ತಿ, ಆ ಹೊತ್ತು ರಾತ್ರಿಯ ತಂಪಿನಲ್ಲಿ ಕಳೆಯಲಿ ಎಂದು. ಮೊದಲು ಮಣ್ಣನ್ನು ನೆನೆಸಿ, ಒದ್ದೆ ಕಡ್ಡಿಯ ತುದಿಗೆ ಎರಡು ಬೀಜ ಅಂಟಿಸಿ ಗುಳಿಯ ಮೇಲೆ ಇಟ್ಟು, ಬೆರಳಲ್ಲಿ ಮೆತ್ತಗೆ ಒತ್ತಿದರೆ ಆಯಿತು. ಮುಚ್ಚಲೇಬೇಕು ಅನ್ನಿಸಿದರೆ ಚಿಟಿಕೆ ಪುಡಿ ಉದುರಿಸಿ, ಬೀಜ ಅರ್ಧ ಕಾಣುತ್ತಿರಲಿ. ಆಮೇಲೆ ನೀರು ಸುರಿಯಬೇಡಿ, ಬೀಜ ತೇಲಿ ಒಂದೇ ಮೂಲೆಗೆ ಹೋಗುತ್ತದೆ. ಸ್ಪ್ರೇ ಬಾಟಲಿ ಸಾಕು. ಬಿಸಿಲು ಜೋರಿದ್ದರೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ದಿನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ಬಿತ್ತಿ.

ಯಾವಾಗ ಬಿತ್ತಬೇಕು? ಪುಸ್ತಕದ ತಿಂಗಳುಗಳಿಗಿಂತ ನನಗೆ ನಮ್ಮ ಮಳೆ ಲೆಕ್ಕವೇ ಸಲೀಸು. ಹಸ್ತದಲ್ಲಿ ಬಿತ್ತಿದರೆ ಅಗೆ ಕೊಳೆಯುವ ಭಯ. ಚಿತ್ತೆಯಲ್ಲಿ, ಅಂದರೆ ಅಕ್ಟೋಬರ್ 10ರ ಆಚೆ, ಮೊದಲ ಟ್ರೇ. ಸ್ವಾತಿಯ ಕೊನೆಗೆ, ನವೆಂಬರ್ ಮೊದಲ ವಾರ, ಸಸಿಗೆ ನಾಲ್ಕು ಎಲೆ ಬಂದಿರುತ್ತದೆ, ಮಡಿಗೆ ನೆಡಬಹುದು. ಅಲ್ಲಿಂದ ಹದಿನೈದು ದಿನಕ್ಕೊಂದು ಟ್ರೇ ಹಾಕುತ್ತಾ ಹೋಗಿ. ಸಂಕ್ರಾಂತಿಗೆ ನಿಲ್ಲಿಸಿ. ಒಂದೇ ದಿನ ಇನ್ನೂರು ಸಸಿ ನೆಟ್ಟರೆ ಇನ್ನೂರೂ ಒಂದೇ ವಾರ ಕೊಯ್ಲಿಗೆ ಬರುತ್ತವೆ, ಆಮೇಲೆ ದನಕ್ಕೆ ಹಾಕುವುದೇ.

ನಮ್ಮ ಚಳಿ ಊಟಿಯ ಚಳಿಯಲ್ಲ ಅನ್ನುವುದನ್ನು ಮರೆಯಬೇಡಿ. ಡಿಸೆಂಬರ್‌ನಲ್ಲಿ ರಾತ್ರಿ 15 ಡಿಗ್ರಿಗೆ ಇಳಿದರೂ ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಹಾಗಾಗಿ ಗುಂಡಗೆ ಗಡ್ಡೆ ಕಟ್ಟುವ ಐಸ್‌ಬರ್ಗ್ ತಳಿ ಬೇಡ. ಹೋಟೆಲಿನವರು ಕೇಳುತ್ತಾರೆಂದು ಎರಡು ವರ್ಷ ಪ್ರಯತ್ನಿಸಿ ಬಿಟ್ಟಿದ್ದೇನೆ. ಬಿಡಿ ಎಲೆಯ ತಳಿ ಅಥವಾ ಉದ್ದ ಎಲೆಯ ರೊಮೈನ್ ಹಾಕಿ. ಜಾಗ ಮನೆಯ ಮೂಡುದಿಕ್ಕಿನಲ್ಲಿರಲಿ. ಬೆಳಗಿನ ಬಿಸಿಲು ಪೂರ್ತಿ ಸಿಗಬೇಕು, ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಬೀಳಬೇಕು.

ಮಣ್ಣಿನ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಕೆಲಸ ಜಾಸ್ತಿ. ನಾಲ್ಕು ತಿಂಗಳು ಸುರಿಯುವ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಹುಳಿ ಉಳಿಯುತ್ತದೆ. ಲೆಟ್ಯೂಸಿಗೆ 6ರಿಂದ 6.8ರ ರಸಸಾರ (pH) ಬೇಕು. ಶಿವಮೊಗ್ಗದ ಹತ್ತಿರ ಇರುವವರು ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮಣ್ಣು ಪರೀಕ್ಷೆ ಮಾಡಿಸಿಕೊಂಡೇ ಸುಣ್ಣ ಹಾಕಿ. ಸುಣ್ಣವನ್ನೂ ಹಸಿ ಗೊಬ್ಬರವನ್ನೂ ಒಟ್ಟಿಗೆ ಬೆರೆಸಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಮಧ್ಯೆ ಎರಡು ಮೂರು ವಾರ ಬಿಡಿ. ಬಚ್ಚಲೊಲೆಯ ಬೂದಿಯೂ ಹುಳಿ ಕಡಿಮೆ ಮಾಡುತ್ತದೆ, ಆದರೆ ತೆಳ್ಳಗೆ ಉದುರಿಸಬೇಕು. ಮಡಿ ಮೂರು ಅಡಿ ಅಗಲ, ಅರ್ಧ ಅಡಿ ಎತ್ತರ ಇರಲಿ, ಬದಿಗೆ ಅಡಿಕೆ ದಬ್ಬೆ ಕೊಟ್ಟರೆ ಕುಸಿಯುವುದಿಲ್ಲ. ಗಿಡದಿಂದ ಗಿಡಕ್ಕೆ ಒಂದು ಗೇಣು. ನೆಡುವಾಗ ಸಸಿಯ ಸುಳಿ ಮಣ್ಣಿನಿಂದ ಮೇಲೇ ಇರಲಿ.

ಬಸವನಹುಳು, ಸಿಂಬಳದ ಹುಳು ಎರಡೂ ನಮ್ಮಲ್ಲಿ ಮಳೆ ನಿಂತ ಮೇಲೂ ಹೋಗುವುದಿಲ್ಲ. ಒಂದೇ ರಾತ್ರಿಗೆ ಸಾಲು ಖಾಲಿ. ಬೂದಿ ಸುತ್ತ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಬೂದಿ ಒಣಗಿದ್ದರೆ ಸರಿ, ಇಬ್ಬನಿ ಬಿದ್ದ ಮೇಲೆ ಅದರ ಮೇಲೆಯೇ ಮೆರವಣಿಗೆ ಹೋಗುತ್ತವೆ. ನಾನು ನಂಬುವುದು ಅಡಿಕೆ ಹಾಳೆಯನ್ನು. ಹಾಳೆ ನೆನೆಸಿ, ಮಡಿಯ ಬದಿಗೆ ಕವುಚಿ ಹಾಕಿ, ಅಡಿಗೆ ಎರಡು ಪಪ್ಪಾಯಿ ಎಲೆ ಇಡಿ. ಬೆಳಗ್ಗೆ ಮಗುಚಿದರೆ ಹತ್ತು ಹದಿನೈದು ಅಲ್ಲೇ ತಣ್ಣಗೆ ಕೂತಿರುತ್ತವೆ. ಆರಿಸಿ ಉಪ್ಪುನೀರಿನ ಡಬ್ಬಕ್ಕೆ ಹಾಕಿ. ಉಪ್ಪನ್ನು ಮಡಿಗೇ ಎರಚಬೇಡಿ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಕೆಲಸವೇನೋ ಮಾಡುತ್ತದೆ, ಆದರೆ ನಾಯಿಗೆ ವಿಷ. ತಿನ್ನುವ ಸೊಪ್ಪಿನ ನಡುವೆ ಅದು ನನಗೆ ಬೇಡ. ಮಂಗನ ವಿಷಯ ಕೇಳಬೇಡಿ, ಅದಕ್ಕೆ ಬಲೆಯೊಂದೇ ದಾರಿ.

ನೀರು ಬೆಳಗ್ಗೆ ಕೊಡಿ, ಬುಡಕ್ಕೆ ಕೊಡಿ. ಸಂಜೆ ಎಲೆ ಮೇಲೆ ಸುರಿದು, ಅದರ ಮೇಲೆ ಇಬ್ಬನಿಯೂ ಬಿದ್ದರೆ ಎಲೆಯಡಿ ಬಿಳಿ ಬೂಷ್ಟು ಬಂದೇ ಬರುತ್ತದೆ.

ಉಳಿದ ಸೊಪ್ಪುಗಳಿಗೆ ಇಷ್ಟು ಮುದ್ದು ಬೇಕಿಲ್ಲ. ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಇದೇ ಚಳಿಯಲ್ಲಿ ತಾವಾಗಿ ಬರುತ್ತವೆ. ಕೊತ್ತಂಬರಿ ಬೀಜ ಒಡೆದು ಎರಡು ಹೋಳು ಮಾಡಿ ಹಾಕಿ. ನಮ್ಮ ಪಾಲಕ್ ಬೀಟ್‌ರೂಟಿನ ನೆಂಟ, ಇಂಗ್ಲಿಷ್ ಸ್ಪಿನಾಚ್ ಬೇರೆ. ಅದಕ್ಕೇ ಪಾಲಕ್ ನಮ್ಮ ಸೆಕೆ ತಡೆದುಕೊಳ್ಳುತ್ತದೆ. ಹರಿವೆ ಮಾತ್ರ ಚಳಿಯಲ್ಲಿ ಮುದುಡಿ ಕೂರುತ್ತದೆ, ಅದನ್ನು ಬೇಸಿಗೆಗೆ ಬಿಡಿ.

ನೆಟ್ಟ ತಿಂಗಳಿಗೆ ಲೆಟ್ಯೂಸ್ ಕೊಯ್ಯಬಹುದು. ಬಿಸಿಲೇರುವ ಮುಂಚೆ ಹೊರಗಿನ ಎಲೆ ಮಾತ್ರ ಮುರಿಯಿರಿ, ಒಳಗಿನ ನಾಲ್ಕೈದು ಎಲೆ ಬಿಡಿ. ಒಂದೇ ಗಿಡ ನಾಲ್ಕು ಬಾರಿ ಕೊಡುತ್ತದೆ. ಶಿವರಾತ್ರಿ ಹತ್ತಿರ ಬಂದಂತೆ ಸುಳಿ ಮೇಲೇಳುತ್ತದೆ, ಮುರಿದರೆ ಹಾಲು ಜಾಸ್ತಿ, ಬಾಯಿಗಿಟ್ಟರೆ ಕಹಿ. ಆಗ ನೀರು ಗೊಬ್ಬರ ಹಾಕಿ ಪ್ರಯೋಜನವಿಲ್ಲ. ನಮ್ಮಮ್ಮ ಆ ಎಲೆಯನ್ನೂ ಬಿಡುವವರಲ್ಲ. ತುಪ್ಪದಲ್ಲಿ ಬಾಡಿಸಿ, ಜೀರಿಗೆ ಕಾಯಿ ಜೊತೆ ರುಬ್ಬಿ ತಂಬುಳಿ ಮಾಡುತ್ತಾರೆ. ಒಂದೆಲಗದ ತಂಬುಳಿ ತಿಂದ ಬಾಯಿಗೆ ಅದೇನೂ ಕಹಿಯಲ್ಲ.

ಎಲ್ಲಕ್ಕಿಂತ ತಡವಾಗಿ ಸುಳಿ ಎದ್ದ ಗಿಡ ಒಂದನ್ನು ಕೀಳದೆ ಬಿಡಿ. ಹಳದಿ ಹೂ ಬಿಟ್ಟು, ಎರಡು ಮೂರು ವಾರಕ್ಕೆ ಬಿಳಿ ಕೂದಲು ಕಟ್ಟಿ ಬೀಜವಾಗುತ್ತದೆ. ಹೈಬ್ರಿಡ್ ಅಲ್ಲದಿದ್ದರೆ ಮುಂದಿನ ವರ್ಷ ಅದೇ ಗಿಡ ಸಿಗುತ್ತದೆ, ಇದು ತನ್ನಲ್ಲೇ ಪರಾಗ ಕಟ್ಟಿಕೊಳ್ಳುವ ಜಾತಿ. ಕಾಗದದ ಚೀಲ ಹಿಡಿದು ಹೂಗೊಂಚಲು ಬಡಿಯಿರಿ, ನೆರಳಲ್ಲಿ ಒಣಗಿಸಿ, ಹುರಿದು ಆರಿಸಿದ ಅಕ್ಕಿ ಒಂದು ಮುಷ್ಟಿ ತಳಕ್ಕೆ ಹಾಕಿದ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ನಮ್ಮ ಜುಲೈ ಥಂಡಿಗೆ ಬೂಷ್ಟು ಬರದ ವಸ್ತು ಮನೆಯಲ್ಲಿ ಯಾವುದಿದೆ ಹೇಳಿ, ಅಲ್ವಾ?